ಹಂಚಿನ ಮೇಲೆ ನಾಲ್ಕು ಪಿಲಗ್

ಆ ದಿನ ಮೋಟಾರಿನಲ್ಲಿ ಇದ್ದವರು ನಾವು ನಾಲ್ವರು. ಮುಂದೆ ಚಕ್ರ ಹಿಡಿದ ಕಾಸಿಂ ಸಾಹೇಬ. ಅವನ ಪಕ್ಕದಲ್ಲಿ, ಮೋಟಾರನ್ನು ತಾನೇ ನಡೆಸುತ್ತಿದ್ದೇನೆ ಎಂಬ ಮುಖ ಮಾಡಿಕೊಂಡಿದ್ದ ನನ್ನ ಸೋದರಮಾವ. ಹಿಂದೆ, ಸಕ್ಕರೆಯ ಗಂಟನ್ನು ಮಡಿಲಲ್ಲಿ ಕೂಸಿನಂತೆ ಹಿಡಿದುಕೊಂಡ ಆಯಿ, ಅಂದರೆ ಮಾಮಾನ ತಾಯಿ, ನನ್ನ ಅಜ್ಜಿ. ಅವಳ ಪಕ್ಕದಲ್ಲಿ ಮದುಮಗನಾಗಬೇಕಾದ ನಾನು. ಕೆಲವರಿಗೆ ಕನ್ಯೆ ಸಿಗುವುದು ರೂಪದಿಂದ, ಕೆಲವರಿಗೆ ಹೊಲದಿಂದ. ನನಗೆ ಓದು ಅಷ್ಟಕ್ಕಷ್ಟೆ, ರೂಪ ಅದಕ್ಕಿಂತ ಸ್ವಲ್ಪ ಕಡಿಮೆ. ಕಲಬುರ್ಗಿಯಲ್ಲಿ ತೊಗರಿ ವ್ಯಾಪಾರ ಮಾಡಿಕೊಂಡಿದ್ದ ಮಾಮಾನ ಹತ್ತಿರ ಮೋಟಾರು ಇತ್ತು ಎಂಬುದೊಂದೇ ನನ್ನ ಗುಣ. ಕಮಲಾಪುರದ ಬೀಗರು ಆ ಗುಣಕ್ಕೆ ಮೆಚ್ಚಿ, ಬಂದು ಹೆಣ್ಣು ನೋಡಿ ಸಕ್ಕರೆ ಕೊಟ್ಟು ಮಾತು ಗಟ್ಟಿ ಮಾಡಿಕೊಳ್ಳಿರಿ ಎಂದು ಹೇಳಿಕಳಿಸಿದ್ದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿಕಳಿಸಿದ್ದರು: ಹೊತ್ತು ಮುಳುಗುವುದರೊಳಗೆ ಬನ್ನಿ, ಇಲ್ಲವಾದರೆ ನಾಳೆ ಹುಮನಾಬಾದಿನವರು ಬರುವವರಿದ್ದಾರೆ.

ಕಮಲಾಪುರದ ಈಚೆಯ ಹಳ್ಳ ಅಂದು ಮೈತುಂಬಿ ಹರಿಯುತ್ತಿತ್ತು. ಕಾಸಿಂ ದಂಡೆಯಲ್ಲೇ ನಿಲ್ಲಿಸಿದ.

"ಸಾವಕಾರ್ರೆ, ಜರಾ ಸಬರ್ ಮಾಡೋಣ್ರಿ. ನೀರು ಇಳೀಲಿ."

"ಅಲ್ಲಿ ನೋಡೋ, ಎತ್ತಿನ ಗಾಡಿ ದಾಟಿ ಹೋಗ್ಯದ. ಇಷ್ಟು ಕುದುರಿ ಬಲದ ಮೋಟಾರ ಹೋಗಂಗಿಲ್ಲೇನು?" ಎಂದ ಮಾಮಾ.

"ಎತ್ತಿಗಿ ಮೂಗು ಮ್ಯಾಲ ಅದರಿ. ಇದಕ್ಕ ಕೆಳಗದ."

ಮಾಮಾನ ಮೂಗಂತೂ ಯಾವಾಗಲೂ ಮೇಲೇ. ಮೋಟಾರಿನ ಸಮೇತ ನೀರಿಗೆ ಇಳಿದೆವು. ನಡುನೀರಿನಲ್ಲಿ ಮೋಟಾರು ಹುಕ್ಕಾ ಸೇದಿದಂತೆ ಗುಳುಗುಳು ಎಂದು ಸುಮ್ಮನಾಯಿತು. ದಾಟಿ ಹೋಗಿದ್ದ ಗಾಡಿಯವನು ತಿರುಗಿ ಬಂದು ಎತ್ತು ಕಟ್ಟಿ ನಮ್ಮನ್ನು ಊರ ಹೊರಗಿನ ಬೇವಿನ ಮರದವರೆಗೆ ಎಳೆದು ತಂದ. ಆಯಿ ಎತ್ತುಗಳಿಗೆ ಕೈ ಮುಗಿದಳು. ಮಾಮಾ ಮಾತ್ರ ಆ ಎತ್ತುಗಳ ಪರಿಚಯವೇ ಇಲ್ಲದವನಂತೆ ಆಕಾಶ ನೋಡುತ್ತಿದ್ದ.

ನಡೆದೇ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಹೋಗಬಹುದಿತ್ತು. ಆದರೆ ಮೋಟಾರಿಲ್ಲದ ನನ್ನನ್ನು ನೋಡಲು ಬೀಗರಿಗೆ ಏನು ಉಳಿಯುತ್ತಿತ್ತು? ಮಾಮಾ ಅವಸರದಿಂದ ಇಂಜಿನ್ ಚಾಲೂ ಮಾಡುವ ಹ್ಯಾಂಡಲ್ಲಿಗೆ ಕೈ ಹಾಕಿದ. ಕಾಸಿಂ ಹಾರಿ ಬಂದು ಹಿಡಿದುಕೊಂಡ.

"ಬ್ಯಾಡ್ರಿ! ಹೊಟ್ಟಿ ತುಂಬ ನೀರು ಕುಡದದ. ಈಗ ಜಬರದಸ್ತಿ ತಿರುವಿದ್ರ ಒಳಗಿನ ರಾಡು ಬಾಗ್ತದ."

"ಎಮ್ಮಿ ಹೊಟ್ಟಿ ಉಬ್ಬಿದ್ರ ಇಂಗು ಕುಡಸ್ತೀವಿ. ಇದರ ಬಾಯಿ ಎಲ್ಲದ ತೋರಸು," ಎಂದಳು ಆಯಿ.

ಕಾಸಿಂ ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗುಗಳನ್ನು, ಅವನ ಬಾಯಲ್ಲಿ ಪಿಲಗ್, ನಾಲ್ಕನ್ನೂ ಬಿಚ್ಚಿ ತೆಗೆದು, ಆಮೇಲೆ ಹ್ಯಾಂಡಲ್ ತಿರುವಿದ. ತೂತುಗಳಿಂದ ಚಿಮ್ಮಿದ ನೀರು ಬಗ್ಗಿ ನೋಡುತ್ತಿದ್ದ ಮಾಮಾನ ಮುಖ ತೊಳೆಯಿತು. "ಕಾರಿತು ನೋಡು, ಬದುಕ್ತದ," ಎಂದು ಆಯಿ ಸಮಾಧಾನಪಟ್ಟಳು. ಮಜ್ಜಿಗೆಯಂತಾಗಿದ್ದ ಇಂಜಿನ್ ಎಣ್ಣೆಯನ್ನು ಬಸಿದು, ಡಬ್ಬಿಯಲ್ಲಿದ್ದ ಬೇರೆ ಎಣ್ಣೆ ಹಾಕಿದ್ದಾಯಿತು. ಇನ್ನು ಒರೆಸಲು ಒಣಬಟ್ಟೆ ಬೇಕು. ಆಯಿ ತಲೆಯ ಮೇಲೆತ್ತಿ ಉಳಿಸಿದ್ದ ಸಕ್ಕರೆ ಗಂಟು ಬಿಟ್ಟರೆ, ನಾಲ್ವರ ಮೈಮೇಲೂ ನೀರು ಮುಟ್ಟದೆ ಉಳಿದಿದ್ದದ್ದು ಮಾಮಾನ ರುಮಾಲು ಒಂದೇ.

"ಇದು ಜರತಾರಿದ್ದು!" ಎಂದು ಮಾಮಾ ಎರಡೂ ಕೈಯಿಂದ ತಲೆ ಹಿಡಿದುಕೊಂಡ.

"ನಿನ್ನ ತಲಿ ಮೊದಲ ಒಣಾ ಅದ, ಕೊಡು," ಎಂದು ಆಯಿ ಕಿತ್ತುಕೊಟ್ಟಳು.

ಪಿಲಗ್‌ಗಳನ್ನು ಮಾತ್ರ ಬೆಂಕಿಗೆ ಕಾಯಿಸಲೇಬೇಕಿತ್ತು. ಸುತ್ತಲೂ ಹಸಿ ಕಟ್ಟಿಗೆ. "ಹೊಗಿ ಕಾಣೋ ಮನಿಗಿ ಓಡು. ಹೆಸರು ಹೇಳಬ್ಯಾಡ. ಬೀಗರ ಕಿವಿಗಿ ಬಿದ್ದರ ಮಾನ ಹೋಗತದ," ಎಂದು ಮಾಮಾ ಅವನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟ. ಈಗ ನನ್ನ ಭಾಷೆಯ ಬಗ್ಗೆ ಒಂದು ಮಾತು. ನಿಜಾಮರ ಶಾಲೆ ನನಗೆ ಕಲಿಸಿದ್ದು ಉರ್ದು. ಕನ್ನಡ ಬಂದದ್ದು ಆಯಿಯ ಬಾಯಿಂದ. ಎರಡರಲ್ಲೂ ಮಾತಿಗೆ ಬಡತನವಿರಲಿಲ್ಲ. ಆದರೆ ಆಯಿಯಾಗಲಿ ಮೌಲವಿಗಳಾಗಲಿ ಪಿಲಗ್‌ಗೆ ಹೆಸರಿಟ್ಟಿರಲಿಲ್ಲ. ಕಾಸಿಂ ಅಂದದ್ದನ್ನೇ ನಾನೂ ಅಂದೆ.

ಹೊಗೆ ಕಂಡ ಮೊದಲ ಮನೆಯ ಬಾಗಿಲು ಬಡಿದೆ. ಒಳಗಿನಿಂದ ಹೆಂಗಸೊಬ್ಬಳು ಇಣುಕಿದಳು. ನನ್ನ ಮೈಯೆಲ್ಲ ಕೆಸರು, ಕೈಯಲ್ಲಿ ಗಂಟು, ಏದುಸಿರು. ಅವತಾರವೇ ಹಾಗಿತ್ತು.

"ಯಾರಪಾ ನೀ?"

"ಕಲಬುರ್ಗಿಯಿಂದ ಬಂದೀನ್ರಿ. ಪಿಲಗ್ ತಂದೀನಿ."

"ಏನು ತಂದೀ?"

"ಪಿಲಗ್ ರೀ! ನಾಕು ಅವ. ನಿಮ್ಮ ಒಲಿ ಮ್ಯಾಲ ಜರಾ..."

ಬಾಗಿಲು ಧಡ್ ಎಂದು ಮುಚ್ಚಿ ಅಗುಳಿ ಬಿತ್ತು. "ಯವ್ವಾ, ಪಿಲೇಗ ತಂದಾನಂತ! ಗಂಟು ಕಟ್ರಿ, ಹೊಲಕ್ಕ ನಡೀರಿ!" ಆ ಕಾಲದಲ್ಲಿ ಪ್ಲೇಗಿನ ಹೆಸರು ಕೇಳಿದರೆ ಊರಿಗೆ ಊರೇ ಎದ್ದು ಹೊಲದ ಗುಡಿಸಲಿಗೆ ಹೋಗುತ್ತಿತ್ತು, ನಗುವ ಮಾತಾಗಿರಲಿಲ್ಲ. ಎದುರು ಮನೆಯ ಬಾಗಿಲೂ ಮುಚ್ಚಿತು. ಅದರಾಚೆಯವರು ಆಗಲೇ ಎಮ್ಮೆ ಬಿಚ್ಚುತ್ತಿದ್ದರು.

"ಬ್ಯಾನಿ ಅಲ್ಲರೀ ಅವ್ವಾ, ಕಬ್ಬಣ, ಕಬ್ಬಣ!" ಎಂದು ಕೂಗಿದೆ.

"ಕಬ್ಬಣದ ಪಿಲೇಗ ಬ್ಯಾರೆ ಬಂದದೇನು!" ಎಂದು ಒಳಗೆ ಅಳು ಇನ್ನೂ ಜೋರಾಯಿತು.

ಅಷ್ಟರಲ್ಲಿ ಅದೇ ಬಾಗಿಲ ಪಕ್ಕದ ಕಿಟಕಿ ತೆರೆದು ಒಂದು ಇಕ್ಕಳ ಹೊರಬಂತು. ಅದರ ಹಿಂದೆ ಹುಡುಗಿಯೊಬ್ಬಳ ಎರಡು ಕಣ್ಣು. "ಎಲ್ಲವ, ಕೊಡ್ರಿ ನೋಡೋಣು." ಒಂದು ಪಿಲಗ್ ಕಚ್ಚಿಸಿದೆ. ಇಕ್ಕಳ ಒಳಗೆ ಹೋಯಿತು. ಪೆಟ್ರೋಲು ಅಂಟಿದ್ದ ಅದನ್ನು ಮೂಸಿದ ಸದ್ದು. "ಅವ್ವಾ, ಬ್ಯಾನಿಗಿ ಗ್ಯಾಸೆಣ್ಣಿ ವಾಸನಿ ಇರತದೇನು? ಸುಮ್ಮನಿರು." ರೊಟ್ಟಿ ಬೇಯುತ್ತಿದ್ದ ಮಣ್ಣಿನ ಹಂಚಿನ ಮೇಲೆ ನನ್ನ ನಾಲ್ಕೂ ಪಿಲಗ್ ಬೆಂದು, ಅದೇ ಇಕ್ಕಳದಲ್ಲಿ ಹೊರಬಂದವು. ಕೈ ಸುಟ್ಟುಕೊಳ್ಳುತ್ತಲೇ ಓಡಿದೆ.

ಕಾಸಿಂ ಅವನ್ನು ಕೂರಿಸಿ "ಬಿಸ್ಮಿಲ್ಲಾ" ಎಂದು ಹ್ಯಾಂಡಲ್ ತಿರುವಿದ. ಮೋಟಾರು ಕೆಮ್ಮಿತು, ಸೀನಿತು, ಆಮೇಲೆ ಧಡಧಡ ಎಂದಿತು. ಎಷ್ಟೋ ಕಛೇರಿ ಕೇಳಿದ್ದೇನೆ. ಅಷ್ಟು ಇಂಪಾದ ಸಂಗೀತ ಇನ್ನೊಂದಿಲ್ಲ. ಮುಖ ತೊಳೆದುಕೊಂಡು, ಮಸಿ ಕಾಣದಂತೆ ರುಮಾಲನ್ನು ಒಳಮಗ್ಗುಲಾಗಿ ಸುತ್ತಿ, ಗಾಂಭೀರ್ಯದಿಂದ ಊರೊಳಗೆ ಹೋದೆವು. ಬೀಗರ ಮನೆಯ ಮುಂದೆ ಮೋಟಾರು ನಿಂತಿತು. ನನ್ನ ಎದೆಯೂ ನಿಂತಿತು. ಅದೇ ಬಾಗಿಲು.

ಕಾಲಿಗೆ ನೀರು ತಂದ ಹೆಂಗಸು ನನ್ನ ಮುಖ ನೋಡಿ ತಂಬಿಗೆ ಕೈಬಿಟ್ಟಳು. "ಇಂವ ಪಿಲೇಗಿನಾಂವ!"

ಹೆಣ್ಣಿನ ತಂದೆ ಮಾಮಾನನ್ನು ನೋಡಿದರು. ಮಾಮಾ ನನ್ನನ್ನು ನೋಡಿದ. ನಾನು ಮುಳುಗುತ್ತಿದ್ದ ಹೊತ್ತನ್ನು ನೋಡಿದೆ. ಹುಮನಾಬಾದಿನವರು ನನ್ನ ಕಣ್ಣೆದುರಿಗೇ ಗಾಡಿ ಕಟ್ಟುತ್ತಿದ್ದರು. ಆಗ ಒಳಗಿನಿಂದ ಇಕ್ಕಳದ ಹಿಂದಿನ ಆ ಧ್ವನಿ ಕೇಳಿಸಿತು:

"ಅವ್ವಾ, ಅವರು ಸುಳ್ಳು ಹೇಳಿಲ್ಲ. ತಂದೀನಿ ಅಂದ್ರು, ತಂದಿದ್ರು."

ತಂದೆ ನಕ್ಕುಬಿಟ್ಟರು. ಆಯಿ ಹೊತ್ತು ಕಳೆಯಲಿಲ್ಲ. ಗಂಟು ಬಿಚ್ಚಿ, ಬಾಯಿ ತೆರೆದೇ ನಿಂತಿದ್ದ ನನ್ನ ಭಾವೀ ಅತ್ತೆಯ ಬಾಯಿಗೆ ಮೊದಲ ಮುಷ್ಟಿ ಸಕ್ಕರೆ ತುಂಬಿದಳು. ಆ ಬಾಯಿಂದ ಮುಂದೆ ಯಾವ ತಕರಾರೂ ಬರಲಿಲ್ಲ. ತಟ್ಟೆ ತುಂಬ ಆ ಊರಿನ ಕೆಂಪು ಬಾಳೆಹಣ್ಣು ಬಂತು. ಹಸಿದಿದ್ದ ಮಾಮಾ ಶಾಸ್ತ್ರಕ್ಕಿಟ್ಟದ್ದನ್ನೂ ತಿಂದ.

ಬೇಸಿಗೆಯಲ್ಲಿ ಮದುವೆಯಾಯಿತು. ಹಂಚಿಗೆ ಹತ್ತಿದ ಪೆಟ್ರೋಲಿನ ವಾಸನೆ ಮಾತ್ರ ಬೂದಿಗೂ ಹೋಗಲಿಲ್ಲ, ಹುಣಸೆಹಣ್ಣಿಗೂ ಹೋಗಲಿಲ್ಲವಂತೆ. ಮಗಳನ್ನು ಕಳಿಸುವ ದಿನ ಅತ್ತೆ ಆ ಹಂಚನ್ನು ಹುಲ್ಲಿನಲ್ಲಿ ಸುತ್ತಿ ಮೋಟಾರಿನೊಳಗಿಟ್ಟರು. "ನಿಮ್ಮ ಬ್ಯಾನಿ, ನೀವೇ ಒಯ್ರಿ."

ಕಲಬುರ್ಗಿಯ ಮನೆಯಲ್ಲಿ ಮೊದಲ ಬೆಳಗ್ಗೆ ಅವಳು ಅದೇ ಹಂಚಿನ ಮೇಲೆ ರೊಟ್ಟಿ ಮಾಡಿ ನನ್ನ ಮುಂದಿಟ್ಟಳು. ಒಂದು ತುತ್ತು ಬಾಯಿಗೆ ಹಾಕಿದೆ. ನಾಲಿಗೆಯ ಮೇಲೆ ಮಾಮಾನ ಮೋಟಾರು ಚಾಲೂ ಆಯಿತು.

"ಹೆಂಗಾಗ್ಯದರಿ?" ಎಂದು ಕೇಳಿದಳು.

"ಭಾಳ ಛಲೋ ಆಗ್ಯದ," ಎಂದೆ.

ಇನ್ನೊಂದು ಹಾಕಿದಳು.