ಮೂರನೆಯವರಿಲ್ಲದ ಶುಕ್ರವಾರ

ಸಿದ್ದೀಖಾಳಿಗೆ ಗಂಡನ ಮೇಲಿದ್ದ ದೂರು ಒಂದೇ. ಆತ ಕುಡಿಯುವವನಲ್ಲ, ಬೈಯುವವನಲ್ಲ, ಆದರೆ ಒಬ್ಬನೇ ಸಿಗುವವನೂ ಅಲ್ಲ. ಅಬುಧಾಬಿಯ ಬನಿಯಾಸ್‌ನಲ್ಲಿ ಅತ್ತರಿನ ಅಂಗಡಿ ಇಟ್ಟುಕೊಂಡಿದ್ದ ಅತಾಉರ್ರಹ್ಮಾನ್, ಭಟ್ಕಳದಿಂದ ವಿಸಿಟ್ ವೀಸಾದಲ್ಲಿ ಕೆಲಸ ಹುಡುಕಿಕೊಂಡು ಬಂದ ಯಾರಿಗೂ ಮನೆಯಲ್ಲಿ ಜಾಗವಿಲ್ಲ ಎಂದವನಲ್ಲ. ಮಾವನ ಮಗ, ಮಾವನ ಮಗನ ಭಾವಮೈದ, ಆ ಭಾವಮೈದನ ಜತೆ ಯಾವಾಗಲೋ ಒಮ್ಮೆ ಬಸ್ಸಿನಲ್ಲಿ ಕೂತಿದ್ದ ಹುಡುಗ (ಹೌದು, ಅವನೂ ಬಂದು ಎರಡು ತಿಂಗಳಿದ್ದ) ಹೀಗೆ ಒಬ್ಬರು ಹಾಸಿಗೆ ಸುತ್ತುವ ಹೊತ್ತಿಗೆ ಇನ್ನೊಬ್ಬರು ಬಿಚ್ಚುತ್ತಿದ್ದರು. ಮದುವೆಯಾದಾಗಿನಿಂದ ತಲೆಗೆ ದುಪಟ್ಟಾ ಹಾಕದೆ ತನ್ನದೇ ಮನೆಯ ಹಾಲ್‌ಗೆ ಕಾಲಿಟ್ಟ ನೆನಪು ಅವಳಿಗಿಲ್ಲ. ರಜೆಯ ದಿನವಾದರೂ ಬಿಡುವುಂಟೇ ಎಂದರೆ, ಪ್ರತಿ ಶುಕ್ರವಾರ ಮಧ್ಯಾಹ್ನದ ಊಟ ದುಬೈಯ ಊದ್ ಮೇಥಾದಲ್ಲಿ, ಗಂಡನ ಅಕ್ಕ ಮೈಮೂನಾ ಆಪಾರ ಮನೆಯಲ್ಲಿ. ಅದನ್ನು ತಪ್ಪಿಸಿದರೆ ಸಂಜೆಯೊಳಗೆ ಭಟ್ಕಳಕ್ಕೆ ಸುದ್ದಿ ಮುಟ್ಟುತ್ತಿತ್ತು.

ಆ ವರ್ಷ ಅವಳಿಗೆ ನಲವತ್ತು ತುಂಬುವ ದಿನ ಸರಿಯಾಗಿ ಶುಕ್ರವಾರವೇ ಬಂತು. ಮಕ್ಕಳಿಬ್ಬರೂ ಶಾಲೆಯ ಕ್ಯಾಂಪಿಗೆ ಹೊರಟಿದ್ದರು. ಹಾಲ್‌ನಲ್ಲಿದ್ದ ಅತಿಥಿಗೆ ಕೆಲಸ ಸಿಕ್ಕಿತ್ತು, ಮುಂದಿನವನ ವಿಮಾನ ಭಾನುವಾರಕ್ಕಿತ್ತು. ಇಂಥ ಯೋಗ ಇನ್ನೊಮ್ಮೆ ಕೂಡಿಬರುವುದಿಲ್ಲವೆಂದು ಅವಳಿಗೆ ಹೊಳೆಯಿತು.

"ನನಗೆ ಬಳೆ ಬೇಡ, ಬಟ್ಟೆ ಬೇಡ. ಒಂದು ದಿನ ಬೇಕು. ನೀವು, ನಾನು. ನಮ್ಮ ನಡುವೆ ಮೂರನೆಯವರು ಬಂದ್ರೆ ನಾನು ಊರಿಗೆ ಹೋಗ್ತೇನೆ. ಖಲಾಸ್," ಎಂದಳು.

ಅತಾಉರ್ರಹ್ಮಾನ್ ಸಾವಿನ ಸುದ್ದಿ ಕೇಳಿದವನ ಹಾಗೆ ಗಂಭೀರನಾದ. ಆದರೆ ಅವಳ ಮಾತು ಮೀರಲಿಲ್ಲ. ದುಬೈಯ ಸಮುದ್ರದ ದಂಡೆಯಲ್ಲಿ ಒಂದು ಭಾರೀ ರೆಸಾರ್ಟಿನಲ್ಲಿ ಕೋಣೆ ಹಿಡಿದ.

"ಅಲ್ಲಿ ಜೂಜು ಗೀಜು ಆಡ್ತಾರಾ?" ಸಿದ್ದೀಖಾ ಫೋನಿನಲ್ಲಿ ಅದರ ಚಿತ್ರ ನೋಡಿ ಕೇಳಿದಳು.

"ಛೆ ಛೆ, ಇದು ದುಬೈ. ಜೂಜೊಂದು ಬಿಟ್ಟು ಬೇರೆ ಥಳಕು ಎಲ್ಲ ಉಂಟು."

"ಆಪಾಗೆ ಎಂತ ಹೇಳೋದು?"

"ಅದನ್ನ ನಾನು ನೋಡ್ಕೊಂಡಿದ್ದೇನೆ."

"ಹೇಗೆ?"

"ನೋಡ್ಕೊಂಡಿದ್ದೇನೆ ಅಂದ್ನಲ್ಲ ಮಾರಾಯ್ತಿ!"

ಅವಳಿಗೆ ನಂಬಿಕೆ ಬರಲಿಲ್ಲ. ಅಕ್ಕನಿಗೆ ಹೇಳದೆ ಆತ ತಲೆಕೂದಲು ಕತ್ತರಿಸಿಕೊಂಡದ್ದನ್ನೂ ಅವಳು ಕಂಡಿರಲಿಲ್ಲ.

ಶುಕ್ರವಾರ ಜುಮಾ ನಮಾಜ್ ಮುಗಿಸಿಕೊಂಡು ದಂಪತಿ ಆ ಅರಮನೆಯನ್ನು ಪ್ರವೇಶಿಸಿದರು. ಕಂಬಕ್ಕೆಲ್ಲ ಬಂಗಾರದ ಬಣ್ಣ, ಗೋಡೆಯೊಳಗೆ ಈಜಾಡುವ ಮೀನು. (ಇಷ್ಟು ಅಂಜಲ್ ಇಟ್ಟುಕೊಂಡು ಸುಮ್ಮನೆ ನೋಡುತ್ತಾರಲ್ಲ ಎಂದು ಸಿದ್ದೀಖಾಳಿಗೆ ಹೊಟ್ಟೆ ಉರಿಯಿತು.) ಆರನೇ ಮಹಡಿಯ ಕೋಣೆಯ ಮಂಚವಂತೂ, ಗಂಡ ಹೆಂಡತಿ ಜಗಳವಾಡಿ ಆಚೆ ತುದಿ ಈಚೆ ತುದಿಗೆ ಮಲಗಿದರೆ ಬೆಳಿಗ್ಗೆ ಹುಡುಕಲು ಆಳು ಕಳಿಸಬೇಕು, ಅಷ್ಟು ದೊಡ್ಡದು. ಅವಳು ದುಪಟ್ಟಾ ತೆಗೆದು ಕುರ್ಚಿಯ ಮೇಲೆ ಎಸೆದಳು. ಯಾರೂ ಕೆಮ್ಮಲಿಲ್ಲ, ಯಾರೂ ಚಹಾ ಕೇಳಲಿಲ್ಲ.

ಮಂಚದ ಅಂಚಿನಲ್ಲಿ ಇಬ್ಬರೂ ಕೂತರು.

"ಎಸಿ ಜಾಸ್ತಿ ಆಯ್ತಾ?" ಆತ ಕೇಳಿದ.

"ಇಲ್ಲ."

"ಕಮ್ಮಿ ಆಯ್ತಾ?"

"ಸರಿಯಾಗುಂಟು."

ಇಷ್ಟು ವರ್ಷ ಕೂಡಿಟ್ಟ ಮಾತುಗಳೆಲ್ಲ ಎಲ್ಲಿ ಹೋದವೋ. ಆದರೂ ಅವಳಿಗೆ ಖುಷಿಯಾಗಿತ್ತು, ಅಳು ಬರುವಷ್ಟು ಖುಷಿಯಾಗಿತ್ತು. ಮಾತು ತಾನಾಗಿ ಬರುತ್ತದೆ, ಸಂಜೆಯವರೆಗೆ ಹೊತ್ತುಂಟು ಎಂದುಕೊಂಡಳು.

ಅಷ್ಟರಲ್ಲಿ ಆತನ ಫೋನು ನಡುಗಿತು. ಹೆಸರು ನೋಡಿದವನೇ ಬಾಲ್ಕನಿಗೆ ಓಡಿ ಗಾಜಿನ ಬಾಗಿಲು ಎಳೆದುಕೊಂಡ. ಅಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಪಿಸುಮಾತು. ಮಧ್ಯೆ ಒಂದು ನಗು ಬೇರೆ.

"ಯಾರದ್ದು?" ಒಳಗೆ ಬಂದಾಗ ಕೇಳಿದಳು.

"ರಾಂಗ್ ನಂಬರ್."

"ರಾಂಗ್ ನಂಬರಿನ ಹತ್ರ ಅಷ್ಟು ಹೊತ್ತು ನಗ್ತೀರಾ?"

"ಪಾಪ, ಒಳ್ಳೆ ಮನುಷ್ಯ," ಎಂದು ಹೇಳಿ ಆತ ಸ್ನಾನದ ಮನೆಗೆ ನುಗ್ಗಿ ಚಿಲಕ ಹಾಕಿಕೊಂಡ.

ಸಿದ್ದೀಖಾ ಮುಚ್ಚಿದ ಬಾಗಿಲನ್ನೇ ನೋಡಿದಳು. ಆಪಾಗೆ ಹೇಳಿಬಿಟ್ಟ! ಹೇಳದೆ ಇರುತ್ತಾನೆಯೇ? ಈಗ ಎಲ್ಲ ಕೆಟ್ಟ ಹೆಸರೂ ತನಗೆ. ಕಾಲಬುಡದಲ್ಲಿ ಅಕ್ಕನ ಮನೆ ಇದ್ದೂ ತಮ್ಮನನ್ನು ಹೋಟೆಲಿನಲ್ಲಿ ಅಡಗಿಸಿಟ್ಟವಳು ಎಂದು ಊದ್ ಮೇಥಾದಿಂದ ಭಟ್ಕಳದ ಮೀನು ಮಾರುಕಟ್ಟೆಯವರೆಗೆ ಹಬ್ಬುತ್ತದೆ. ಗಂಡನ ಕಡೆಯವರಿಂದ ಇದುವರೆಗೆ ಒಂದು ಮಾತು ಕೇಳಿಸಿಕೊಂಡವಳಲ್ಲ ಅವಳು. ಮೊದಲು ತಾನೇ ಹೇಳಿ ಮಾನ ಉಳಿಸಿಕೊಳ್ಳುವುದೆಂದು ಫೋನ್ ಹಚ್ಚಿಯೇಬಿಟ್ಟಳು.

"ಅಸ್ಸಲಾಮು ಅಲೈಕುಂ ಆಪಾ. ನಾವು ಇಲ್ಲೇ ದುಬೈಯಲ್ಲೇ ಇದ್ದೇವೆ. ನಿಮಗೆ ಹೇಳ್ಬೇಕು ಅಂತಲೇ ಇದ್ವಿ..."

"ಯಾ ಅಲ್ಲಾಹ್! ದುಬೈಗೆ ತಂದ್ರಾ ಅವನನ್ನ? ಅಷ್ಟು ಜೋರಾ? ಯಾವ ಆಸ್ಪತ್ರೆ?"

ಸಿದ್ದೀಖಾ ಕಕ್ಕಾಬಿಕ್ಕಿಯಾದಳು. "ಎಂತ ಆಸ್ಪತ್ರೆ ಆಪಾ?"

"ಜ್ವರ ಅಂತ ಬೆಳಿಗ್ಗೆ ಅವನೇ ಹೇಳಿದ್ದ ಅಲ್ವಾ! ಏಳ್ಲಿಕ್ಕೂ ಆಗ್ತಿಲ್ಲ, ಊಟಕ್ಕೆ ಬರಲ್ಲ ಅಂದ. ಧ್ವನಿ ಸಹ ನಡುಗ್ತಿತ್ತು ಪಾಪ."

ಆಗ ಅವಳಿಗೆ ಅರ್ಥವಾಯಿತು. ಗಂಡ 'ನೋಡ್ಕೊಂಡಿದ್ದು' ಹೀಗೆ. ಹುಟ್ಟುಹಬ್ಬ ಎನ್ನುವ ಹಾಗಿಲ್ಲ, ಅದೆಲ್ಲ ಆಪಾಗೆ ಆಗದು. ಸುಳ್ಳು ಎನ್ನುವ ಹಾಗೂ ಇಲ್ಲ.

"ಆಸ್ಪತ್ರೆಯಲ್ಲ ಆಪಾ... ಡಾಕ್ಟ್ರು ಸಮುದ್ರದ ಗಾಳಿ ಬೇಕು ಅಂದ್ರು. ಅದಕ್ಕೆ ಇಲ್ಲಿ ಹೋಟೆಲಿನಲ್ಲಿ..."

"ಯಾವ ಹೋಟೆಲು? ಹೇಳು, ಹೊರಟೆ. ಯಲ್ಲಾ ಮಗಾ ಝಾಹಿದ್, ಗಾಡಿ ತೆಗಿ! ನಿನ್ನ ಹೆಂಡ್ತಿಗೆ ಗಂಜಿ ಇಡ್ಲಿಕ್ಕೆ ಹೇಳು!"

ಹೆಸರು ಹೇಳದೆ ವಿಧಿಯಿರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಅತಾಉರ್ರಹ್ಮಾನ್ ಸ್ನಾನ ಮುಗಿಸಿ ಹೊಸ ಅಂಗಿ ಹಾಕಿ, ಅಂಗಡಿಯಲ್ಲಿ ಅರಬ್ ಶೇಖ್‌ಗಳಿಗಷ್ಟೇ ತೆಗೆಯುವ ಅತ್ತರು ಹಚ್ಚಿಕೊಂಡು ಹೊರಗೆ ಬಂದ. ಇಷ್ಟು ಚೆಂದವಾಗಿ ಅವನು ಮದುವೆಯ ದಿನವೂ ಕಂಡಿರಲಿಲ್ಲ.

"ಆಪಾಗೆ ನಾನೇ ಹೇಳಿದೆ," ಎಂದಳು ಸಿದ್ದೀಖಾ. "ನೀವು ಬಾಲ್ಕನಿಯಲ್ಲಿ ನಿಂತು ಹೇಳಿಬಿಟ್ರಿ ಅಂದ್ಕೊಂಡೆ."

ಆತ ನಿಧಾನಕ್ಕೆ ಮಂಚದ ಮೇಲೆ ಕೂತ. "ನಾನು ಆಪಾಗೆ ಹೇಳ್ಲಿಲ್ಲ."

"ಹಾಗಾದ್ರೆ ಫೋನು?"

"ಹೋಟೆಲಿನವರದ್ದು. ಸಂಜೆ ಕೆಳಗೆ ಮರಳಿನ ಮೇಲೆ ನಮಗೆ ಊಟಕ್ಕೆ ಹೇಳಿದ್ದೆ. ದೀಪ ಗೀಪ ಎಲ್ಲ ಇಡ್ತಾರಂತೆ. ನಿನಗೆ ಮೊದ್ಲೇ ಗೊತ್ತಾಗ್ಬಾರ್ದು ಅಂತ..." ತಲೆ ತಗ್ಗಿಸಿ ಕೈಯ ಬೆರಳು ನೋಡಿಕೊಂಡ. "ಆಪಾ ಹತ್ರ ಸುಳ್ಳು ಹೇಳಿದ್ದು ಜೀವನದಲ್ಲೇ ಇದು ಮೊದಲು, ಸಿದ್ದೀಖಾ."

ಅವಳು ತಪ್ಪಾಯ್ತು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಗಂಟೆ ಹೊಡೆದುಕೊಂಡಿತು. ಮೈಮೂನಾ ಆಪಾ, ಅವರ ಮಗ ಝಾಹಿದ್, ಸೊಸೆ, ಮೊಮ್ಮಗು ರಿದಾ, ಜತೆಗೆ ದಾರಿಯಲ್ಲಿ ಸಿಕ್ಕ ನೆರೆಮನೆಯವರು, ಎಲ್ಲರ ಮುಂದೆ ಗಂಜಿಯ ಬುತ್ತಿ.

"ಮಲಗು, ಮಲಗು, ಯಾಕೆ ಎದ್ದೆ? ಜ್ವರದಲ್ಲಿ ಇಷ್ಟು ಅತ್ತರು ಯಾರಾದ್ರೂ ಹಚ್ತಾರಾ?" ಎನ್ನುತ್ತ ಆಪಾ ತಮ್ಮನ ಹಣೆ ಮುಟ್ಟಿದರು. ನಾಚಿಕೆಯಿಂದಲೋ ಏನೋ, ಹಣೆ ನಿಜಕ್ಕೂ ಬಿಸಿಯಾಗಿತ್ತು. ಆತ ಹೆಂಡತಿಯ ಮುಖ ನೋಡಿ, ಅವಳ ಮಾನ ಉಳಿಯಲೆಂದು ಎರಡು ಸಲ ಕೆಮ್ಮಿದ.

ಸೂರ್ಯ ಕಂತುವ ಹೊತ್ತಿಗೆ ಹೋಟೆಲಿನವನು ಬಂದು, ಕೆಳಗೆ ಎಲ್ಲ ತಯಾರಾಗಿದೆ ಎಂದ. "ಸಮುದ್ರದ ಗಾಳಿ ಬೇಕು ಅಂತ ಡಾಕ್ಟ್ರು ಹೇಳಿದ್ದಲ್ವಾ, ನಡಿ," ಎಂದು ಆಪಾ ತಮ್ಮನ ಕೈ ಹಿಡಿದು ಎಬ್ಬಿಸಿದರು. ಉಳಿದವರು ಮೀನು ನೋಡಲು ಹೊರಟರು. ರಿದಾ ಆ ಮಹಾಮಂಚದ ನಟ್ಟನಡುವೆ ನಿದ್ದೆ ಹೋಗಿದ್ದಳು. ಮಗುವಿನ ಹತ್ತಿರ ಯಾರಾದರೂ ಇರಬೇಕಲ್ಲ? ಸಿದ್ದೀಖಾ ಇದ್ದಳು.

ಬಾಲ್ಕನಿಯಿಂದ ನೋಡಿದರೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಮರಳಿನ ಮೇಲೆ ಹೂವು, ದೀಪದ ಸಾಲು, ಬಿಳಿ ಬಟ್ಟೆ ಹಾಸಿದ ಪುಟ್ಟ ಮೇಜು. ಕೇಕ್ ಬಂತು. ಜ್ವರಕ್ಕೆ ಸಿಹಿ ಆಗದೆಂದು ಆಪಾ ಅದನ್ನು ಪಕ್ಕಕ್ಕೆ ಸರಿಸಿ ಗಂಜಿ ಬಡಿಸಿದರು. ಅತಾಉರ್ರಹ್ಮಾನ್ ಚಮಚ ಹಿಡಿದುಕೊಂಡೇ ತಲೆಯೆತ್ತಿ ಆರನೇ ಮಹಡಿಯತ್ತ ನೋಡಿದ. ಅಲ್ಲಿಂದಲೂ ಅವನ ಮುಖದ ಬೇಸರ ಕಂಡಂತಾಗಿ ಸಿದ್ದೀಖಾ ಅತ್ತುಬಿಟ್ಟಳು. ಯಾರನ್ನು ಬೈಯುವುದು? ಫೋನ್ ಹಚ್ಚಿದ ಕೈ ತನ್ನದೇ.

ಫೋನ್ ಬಂತು. ಆಪಾ.

"ಸಿದ್ದೀಖಾ, ಇಲ್ಲಿ ಎಷ್ಟು ಚೆಂದ ಉಂಟು ಗೊತ್ತುಂಟಾ! ನೀನು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ. ಅಲ್ಲಾಹ್ ನಿನಗೆ ಒಳ್ಳೇದು ಮಾಡ್ಲಿ. ನಿನ್ನನ್ನೂ ಕರೀಬೇಕು ಅಂತ ಇನ್ನೊಂದು ಕುರ್ಚಿ ಕೇಳಿದೆ. ಈ ವೇಟರ್ ಕೊಡೋದೇ ಇಲ್ಲ. ಏನೇ ಆದ್ರೂ, ಯಾರೇ ಕೇಳಿದ್ರೂ ಮೂರನೇ ಕುರ್ಚಿ ಹಾಕ್ಬಾರ್ದು ಅಂತ ಯಾರೋ ಖಡಕ್ಕಾಗಿ ಹೇಳಿಟ್ಟಿದ್ದಾರಂತೆ. ಎಂಥ ಜನ ಅಲ್ವಾ?"

"ಪರವಾಗಿಲ್ಲ ಆಪಾ," ಎಂದಳು ಸಿದ್ದೀಖಾ. "ನೀವು ಕೂತ್ಕೊಳ್ಳಿ."