ತೊಟ್ಟಿಲಿಗೆ ಹೊರಟ ಹಾರ್ನು

ಇನ್ನು ಮುಂದೆ ನನ್ನ ಸ್ಕೂಟರಿಗೆ ನನ್ನ ಕೈಯಲ್ಲದೆ ಅನ್ಯರ ಕೈ ಸೋಕಕೂಡದು! ಹೀಗೆಂದು ನಾನು ಘೋಷಿಸಿದ್ದು ಒಂದು ಶನಿವಾರ ಸಂಜೆ, ಜಗಳೂರಿನ ನಮ್ಮ ಮನೆಯಂಗಳದಲ್ಲಿ, ಸ್ಕ್ರೂಡ್ರೈವರನ್ನು ಖಡ್ಗದಂತೆ ಮೇಲೆತ್ತಿ. ಕೇಳಿಸಿಕೊಂಡವರು ಇಬ್ಬರು: ನನ್ನ ಹೆಂಡತಿ ವನಜಾಕ್ಷಿ ಮತ್ತು ಎದುರುಮನೆಯ ನಾಯಿ. ನಾಯಿ ಎದ್ದು ಹೋಯಿತು.

"ಪರಶುರಾಮನ ಗ್ಯಾರೇಜಿಗೆ ಬಿಟ್ಟು ಬರ್ರಿ. ಹತ್ತು ನಿಮಿಷದ ಕೆಲಸ" ಎಂದಳು ವನಜಾಕ್ಷಿ.

"ಪರಶುರಾಮ! ಹತ್ತನೇ ಕ್ಲಾಸಿನಲ್ಲಿ ನನ್ನ ವಿಜ್ಞಾನಕ್ಕೆ ನೂರಕ್ಕೆ ಹದಿನೆಂಟು ತೆಗೆದವನು! ವಿದ್ಯುತ್ ಮಂಡಲದ ಚಿತ್ರ ಬರಿ ಅಂದ್ರೆ ಕೋಡುಬಳೆ ಬರೆದವನು! ಅವನ ಮುಂದೆ ನಾನು ಕೈಕಟ್ಟಿ ನಿಲ್ಲಬೇಕಾ?"

"ಕೈಕಟ್ಟಿಕೊಂಡೇ ನಿಲ್ರಿ. ನೀವು ಕೈ ಬಿಚ್ಚಿದ್ರೇ ನನಗೆ ಭಯ."

ಇಪ್ಪತ್ತಾರು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿರುವ ಮೇಷ್ಟ್ರಿಗೆ ಆಡುವ ಮಾತೇ ಇದು? ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಮಂಡಲ ಬರೆಯಬಲ್ಲೆ ನಾನು. ಬೋರ್ಡಿನಿಂದಾಚೆ ಒಂದು ವೈರನ್ನೂ ಮುಟ್ಟಿರಲಿಲ್ಲ ಅನ್ನುವುದು ಸಣ್ಣ ವಿಚಾರ.

ಆಗಿದ್ದಿಷ್ಟೇ. ನಮ್ಮ ಸ್ಕೂಟರಿನ ಹಾರ್ನು ಎರಡು ತಿಂಗಳಿಂದ ನೆಗಡಿಯಾದ ಬೆಕ್ಕಿನ ಹಾಗೆ "ಕ್ಞೀ" ಎನ್ನುತ್ತಿತ್ತು. ಬಿಳಿಚೋಡಿನ ದಾರಿಯಲ್ಲಿ ಕುರಿಮಂದೆ ಅಡ್ಡ ಬಂದರೆ ಆ ಸದ್ದಿಗೆ ಒಂದು ಕುರಿಯೂ ಕಿವಿ ಅಲ್ಲಾಡಿಸುತ್ತಿರಲಿಲ್ಲ. ಮಾರನೆಯ ದಿನ ಭಾನುವಾರ ಹನ್ನೊಂದೂವರೆಯೊಳಗೆ ನಾವು ಬಿಳಿಚೋಡಿನಲ್ಲಿ ಇರಲೇಬೇಕಿತ್ತು.

ಯಾಕೆ ಅಂತೀರಾ? ನನ್ನ ಹೆಂಡತಿಯ ತಮ್ಮ ಮುತ್ತುರಾಜನ ಮಗುವಿಗೆ ತೊಟ್ಟಿಲ ಶಾಸ್ತ್ರ. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಸೋದರತ್ತೆಯರು ಇಬ್ಬರಿದ್ದರು, ಅದೇ ತೊಂದರೆ! ದೊಡ್ಡವಳು ವನಜಾಕ್ಷಿ. ಚಿಕ್ಕವಳು ತ್ಯಾವಣಿಗೆಯಲ್ಲಿರುವ ಶೈಲಾ. ವನಜಾಕ್ಷಿಗೆ ತೀರಿಹೋದ ಅಪ್ಪ ಬೋರಣ್ಣನ ಹೆಸರು ಮೊಮ್ಮಗನಲ್ಲಿ ಉಳಿಯಬೇಕೆಂಬ ಆಸೆ. ಈಗಿನ ಕಾಲಕ್ಕೆ ಒಗ್ಗಲೆಂದು ಅದನ್ನು 'ಬೋರೇಶ' ಮಾಡಿ ಎದೆಯಲ್ಲಿಟ್ಟುಕೊಂಡಿದ್ದಳು. ಶೈಲಾ ಮೊಬೈಲಿನಲ್ಲಿ ಹುಡುಕಿ 'ಝ್ರಿಯಾಂಶ್' ಎಂಬುದನ್ನು ತಂದಿದ್ದಳು.

"ಅದನ್ನ ಕರೆಯಾಕೆ ಹೋದ್ರೆ ನಾಲಿಗೆ ಉಳುಕುತ್ತೆ" ಎಂದು ವನಜಾಕ್ಷಿ ಹಲ್ಲು ಕಡಿದಿದ್ದಳು. ಅಪ್ಪನ ಮಾತು ಬಂದಾಗಲೆಲ್ಲ ಅವಳ ಕಣ್ಣು ತುಂಬುತ್ತಿತ್ತು.

ನಮ್ಮತ್ತೆ ದುರುಗಕ್ಕ ಫೋನಿನಲ್ಲೇ ತೀರ್ಪು ಕೊಟ್ಟಿದ್ದರು: "ಐನೋರು ಹನ್ನೊಂದೂವರೆ ಒಳಗೆ ಅಂದಾರೆ. ಅಷ್ಟೊತ್ತಿಗೆ ದೊಡ್ಡಾಕಿ ಬಂದ್ರೆ ದೊಡ್ಡಾಕಿ. ಬರಲಿಲ್ಲ ಅಂದ್ರೆ ಶೈಲಾ ಹೇಳ್ತಾಳೆ."

ಹೀಗೆ ಮಾವನವರ ಹೆಸರಿನ ಭವಿಷ್ಯ ನನ್ನ ಸ್ಕೂಟರಿನ ಹಾರ್ನಿಗೆ ಜೋತುಬಿದ್ದಿತ್ತು. ನಾನು ನೇರವಾಗಿ ನಾಗೇಂದ್ರಪ್ಪನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ನುಗ್ಗಿ, "ಇರೋದ್ರಲ್ಲೇ ಜೋರಾದ ಹಾರ್ನ್ ಕೊಡಪ್ಪ" ಎಂದೆ.

"ಇದು ತಗಳ್ರಿ ಸಾರ್. ನೀರಿನ ಟ್ಯಾಂಕರ್‌ನೋರು ಇದನ್ನೇ ಒಯ್ಯೋದು. ಆದ್ರೆ ಸ್ಕೂಟರಿಗೆ..."

"ಸ್ಕೂಟರಿಗೇನಪ್ಪ, ಅದಕ್ಕೂ ಮರ್ಯಾದೆ ಬೇಡವೇ?"

ಕೆಲಸ ಶುರುವಾಯಿತು. ಮುಂದಿನ ಕವರಿನ ಐದು ಸ್ಕ್ರೂ ಬಿಚ್ಚಿದೆ. ಎರಡು ಚರಂಡಿಗೆ ಬಿದ್ದು ಪರಲೋಕ ಸೇರಿದವು. ಹಳೆಯ ಹಾರ್ನು ತೆಗೆದು ಹೊಸದನ್ನು ಕೂರಿಸಿ ಗುಂಡಿ ಒತ್ತಿದೆ. "ಪೇಂ!" ಎದುರುಮನೆಯ ಕಿಟಕಿ ಅದುರಿತು. ಮಹಾವಿಜಯ! ಅಲ್ಲಿಗೇ ಕೈ ತೊಳೆದುಕೊಂಡಿದ್ದರೆ ನಾನು ಮನುಷ್ಯ. ಆದರೆ ಹಾರ್ನಿನ ಗುಂಡಿ ಸ್ವಲ್ಪ ಲೊಡಲೊಡ ಎನ್ನುತ್ತಿತ್ತಲ್ಲ! ಕೀ ತೆಗೆದು, ಮನೆಯಲ್ಲಿದ್ದ ಕ್ವಿಕ್ ಗಮ್ಮು ತಂದು ಗುಂಡಿಯ ಸುತ್ತ ನಾಲ್ಕು ಹನಿ ಬಿಟ್ಟು ಒಳಕ್ಕೆ ಅದುಮಿದೆ. ಉಳಿದದ್ದನ್ನು ಯಾಕೆ ಹಾಳುಮಾಡುವುದೆಂದು, ಸ್ಕ್ರೂ ಕಳೆದುಕೊಂಡ ಮುಂದಿನ ಕವರಿಗೂ ಸುತ್ತಲೂ ಬಳಿದು ಗಟ್ಟಿಯಾಗಿ ಒತ್ತಿ ಹಿಡಿದೆ. ಕವರು ಅಂಟಿತು. ಜೊತೆಗೆ ನನ್ನ ಎಡಗೈಯ ಹೆಬ್ಬೆರಳು ತೋರುಬೆರಳಿಗೆ ಅಂಟಿತು.

ಚಿನ್ಮುದ್ರೆಯಲ್ಲಿ ಒಳಗೆ ಹೋದೆ. ವನಜಾಕ್ಷಿ ಒಂದು ನಿಮಿಷ ನೋಡಿದಳು. "ಕಾವಿ ಒಂದು ಕಡಿಮೆ ಐತೆ. ಮಠ ಎಲ್ಲಿ ಕಟ್ಟಿಸ್ತೀರಿ?" ಎಂದು ಬಿಸಿನೀರು ಕೊಬ್ಬರಿ ಎಣ್ಣೆ ತರಲು ಹೋದಳು.

ಬೆಳಿಗ್ಗೆ ಹತ್ತು ಗಂಟೆ. ವನಜಾಕ್ಷಿ ರೇಷ್ಮೆ ಸೀರೆಯುಟ್ಟು, ಮಡಿಲಲ್ಲಿ ಮಗುವಿನ ಕುಲಾವಿ ಇಟ್ಟುಕೊಂಡು ಹಿಂದೆ ಕುಳಿತಳು. ನಾನು ಗಾಂಭೀರ್ಯದಿಂದ ಕೀ ತಿರುಗಿಸಿದೆ.

"ಪೇಂಂಂಂಂಂಂ!"

"ಸಾಕು ಬಿಡ್ರಿ, ಕೇಳಿಸ್ತು."

"ನಾನು ಒತ್ತಿಲ್ಲ ಕಣೇ!"

ಒತ್ತುವ ಅಗತ್ಯವೇ ಇರಲಿಲ್ಲ. ರಾತ್ರಿಯೆಲ್ಲ ಗಮ್ಮು ಒಳಗಿಳಿದು ಗುಂಡಿಯನ್ನು ಒತ್ತಿದ ಭಂಗಿಯಲ್ಲೇ ಶಾಶ್ವತಗೊಳಿಸಿತ್ತು. ಕೀ ಆನ್ ಮಾಡಿದರೆ ಹಾರ್ನು, ಆಫ್ ಮಾಡಿದರೆ ಎಂಜಿನ್ನೂ ಬಂದ್! ಮಾನ ಬಿಟ್ಟು ಪರಶುರಾಮನಿಗೆ ಫೋನ್ ಮಾಡಿದೆ. ಅವನು ಹೊನ್ನಾಳಿಯಲ್ಲಿ ಯಾರದೋ ಮದುವೆಯಲ್ಲಿದ್ದ.

"ಹಾರ್ನಿನ ವೈರ್ ಕಿತ್ತಾಕ್ರಿ ಸಾರ್, ಮುಗೀತು."

"ಅದು ಕವರ್ ಒಳಗೈತಪ್ಪ."

"ಕವರ್ ಬಿಚ್ಚಿ."

"ಅಂಟಿಸಿದೀನಿ."

"ಅಂಟಿಸಿದ್ರಾ? ಕವರನ್ನಾ? ಹೋಗ್ಲಿ, ಫ್ಯೂಸ್ ತೆಗೀರಿ."

"ಅದೂ ಅದರೊಳಗೇ ಐತೆ."

ವಾಲಗದ ಸದ್ದಿನ ನಡುವೆ ಅವನು ಕೇಳಿದ: "ಸಾರ್, ನೀವು ಸೈನ್ಸಿನಾಗೆ ನನಗೆ ಎಷ್ಟು ಕೊಟ್ಟಿದ್ರಿ?"

"ಹದಿನೆಂಟು."

"ನಾನು ನಿಮಗೆ ಅಷ್ಟೂ ಕೊಡಾಕಾಗಲ್ಲ ಸಾರ್" ಎಂದು ಫೋನಿಟ್ಟ.

ಬಸ್ಸು ಹೋಗಿ ಆಗಿತ್ತು. ಮುಂದಿನದು ಹನ್ನೊಂದಕ್ಕೆ. ವನಜಾಕ್ಷಿ ಸೆರಗನ್ನು ಕಿವಿ ಮುಚ್ಚುವಂತೆ ತಲೆಗೆ ಸುತ್ತಿಕೊಂಡಳು. "ಹೊಡೀರಿ ಗಾಡಿ. ನಮ್ಮಪ್ಪನ ಹೆಸರಿಗೆ ಇಷ್ಟಾದ್ರೂ ಸದ್ದು ಆಗಲಿ."

ಹೊರಟೆವು. "ಪೇಂಂಂಂ" ಎಂದು ಜಗಳೂರಿನ ಪೇಟೆ ದಾಟಿದೆವು. ಲಾರಿಗಳು ದಾರಿ ಬಿಟ್ಟವು. ಒಬ್ಬ ಪೊಲೀಸಪ್ಪ ಸೆಲ್ಯೂಟ್ ಹೊಡೆಯಲು ಕೈಯೆತ್ತಿ, ನಮ್ಮನ್ನು ನೋಡಿ ಅದೇ ಕೈಯಲ್ಲಿ ತಲೆ ಕೆರೆದುಕೊಂಡ. ಇಳಿಜಾರು ಸಿಕ್ಕಲ್ಲಿ ಕೀ ಆಫ್ ಮಾಡಿ ಸುಮ್ಮನೆ ಜಾರುತ್ತಿದ್ದೆ. ಆ ಮೌನ ಎಂಥ ಸುಖ! ಆದರೆ ನಮ್ಮ ಸೀಮೆಯಲ್ಲಿ ಇಳಿಜಾರು ಬಹಳ ಇಲ್ಲ.

ಮೊದಲ ಹಳ್ಳಿ ಬಂತು. ಏನಾಶ್ಚರ್ಯ! ಎರಡೂ ಬದಿಯ ಮನೆಗಳಿಂದ ಹೆಂಗಸರು ಓಡೋಡಿ ಬಂದರು. ಒಬ್ಬೊಬ್ಬರ ಕೈಯಲ್ಲೂ ಎರಡೆರಡು ಪ್ಲಾಸ್ಟಿಕ್ ಕೊಡ! ಅರೆಗಳಿಗೆಯಲ್ಲಿ ರಸ್ತೆಯ ನಡುವೆ ಕೆಂಪು, ಹಸಿರು, ನೀಲಿ ಕೊಡಗಳ ಸಾಲು ನಿಂತಿತು. ನಾಗೇಂದ್ರಪ್ಪನ ಮಾತು ಆಗ ನನ್ನ ತಲೆಗೆ ಹೊಕ್ಕಿತು. ಈ ಕಡೆಯ ಊರುಗಳಲ್ಲಿ ಬಿಡದೆ ಹೊಡೆಯುವ ಹಾರ್ನಿಗೆ ಒಂದೇ ಅರ್ಥ: ನೀರಿನ ಟ್ಯಾಂಕರ್ ಬಂತು!

ಕೀ ಆಫ್ ಮಾಡಿದೆ. ಎಲ್ಲರಿಗಿಂತ ಮುಂದೆ ಸೊಂಟಕ್ಕೆ ಕೊಡವಿಟ್ಟು ನಿಂತಿದ್ದ ಅಜ್ಜಿಯ ಹೆಸರು ಅಂತರಘಟ್ಟಮ್ಮ ಎಂದು ಬೇಗನೆ ಗೊತ್ತಾಯಿತು. ಎಲ್ಲರೂ ಆಕೆಯ ಹಿಂದೆಯೇ ಇದ್ದರು.

"ಟ್ಯಾಂಕರ್ ಎಲ್ಲೈತಪ್ಪ?"

"ಟ್ಯಾಂಕರ್ ಇಲ್ಲಮ್ಮ. ಹಾರ್ನ್ ಅಷ್ಟೇ."

"ನೀರಿಲ್ಲದ ಹಾರ್ನಾ? ಒಲೆ ಮ್ಯಾಲಿನ ಸಾರು ಬಿಟ್ಟು ಓಡಿ ಬಂದೀವಿ! ಟ್ಯಾಂಕರ್ ಬರೋ ತನಕ ನೀನು ಇಲ್ಲೇ ಇರು."

"ಅಮ್ಮಾ, ಸ್ವಲ್ಪ ಅರ್ಜೆಂಟೈತೆ..."

"ನಮಗೂ ಅರ್ಜೆಂಟೈತೆ!"

ಗಂಟೆ ಹತ್ತೂ ಮುಕ್ಕಾಲು. ಸರ್ಕ್ಯೂಟು, ಸ್ವಿಚ್ಚು ಎಂದು ನಾನು ಪಾಠ ಶುರುಮಾಡಿದೆ. ಯಾರೋ ಹಿಂದಿನಿಂದ ಆಕಳಿಸಿದರು. ವನಜಾಕ್ಷಿ ಸ್ಕೂಟರಿನಿಂದ ಇಳಿದು ಅಜ್ಜಿಯ ಮುಂದೆ ನಿಂತಳು. "ಅವ್ವಾ, ನನ್ನ ತಮ್ಮನ ಕೂಸಿಗೆ ಇವತ್ತು ತೊಟ್ಲು. ತೀರಿಹೋದ ನಮ್ಮಪ್ಪನ ಹೆಸರು ಇಡಾಕೆ ಹೊಂಟೀನಿ. ಹನ್ನೊಂದೂವರೆ ದಾಟಿದ್ರೆ ಆ ಹೆಸರು ಹೋಗುತ್ತೆ. ಇವ್ರು ಹಾರ್ನ್ ರಿಪೇರಿ ಮಾಡ್ತೀನಿ ಅಂತ ಹಿಂಗೆ ಮಾಡಿಟ್ಟಾರೆ."

ಅಂತರಘಟ್ಟಮ್ಮ ಅವಳನ್ನು ನೋಡಿದಳು. ನನ್ನನ್ನು ನೋಡಿದಳು. ಎರಡೂ ನೋಟಕ್ಕೆ ಸಂಬಂಧವೇ ಇರಲಿಲ್ಲ. "ಅಪ್ಪನ ಹೆಸರಾ? ಏ, ಕೊಡ ತೆಗೀರೇ! ಹೋಗವ್ವ ತಾಯಿ. ಏನಪ್ಪ, ನಿನಗೆ ಗಾಡಿ ಹೊಡೆಯಾಕಾದ್ರೂ ಬರುತ್ತಾ? ಅದನ್ನೂ ನೀನೇ ಕಲಿತಿದ್ದಾ?"

ಮುಂದೆ ಎರಡು ಮೈಲಿಗೆ ಕುರಿಮಂದೆ! ಬನ್ನಿ, ಬನ್ನಿ, ನಿಮಗಾಗಿಯೇ ತಂದ ಹಾರ್ನು ಎಂದುಕೊಂಡು ನುಗ್ಗಿದೆ. ಕುರಿಗಳು ಓಡಲಿಲ್ಲ. ಬೆದರಿ ಒಂದಕ್ಕೊಂದು ಒತ್ತಿಕೊಂಡು ರಸ್ತೆಗೆ ಅಡ್ಡಲಾಗಿ ಉಣ್ಣೆಯ ಗೋಡೆ ಕಟ್ಟಿದವು. ಕುರಿ ಕಾಯುವ ಜುಂಜಪ್ಪ ಓಡಿಬಂದು, "ಮೊದ್ಲು ಅದನ್ನ ಬಂದ್ ಮಾಡ್ರಿ ಸ್ವಾಮಿ!" ಎಂದು ಗದರಿ, ನಾಲಿಗೆಯಲ್ಲಿ ಏನೋ ಒಂದು ಸಣ್ಣ ಸದ್ದು ಮಾಡಿದ. ಗೋಡೆ ಎರಡಾಗಿ ಸೀಳಿ ದಾರಿ ತೆರೆಯಿತು.

"ಎರಡು ತಿಂಗಳು ಒದ್ದಾಡಿದ್ರಲ್ರೀ" ಎಂದಳು ಹಿಂದಿನಿಂದ ವನಜಾಕ್ಷಿ. "ಈ ಸದ್ದು ಕಲಿತಿದ್ರೆ ಸಾಕಿತ್ತು."

ಕುರಿಗಳ ನಡುವೆ ಸ್ಕೂಟರ್ ತಳ್ಳಿ ಆಚೆ ದಾಟುವಾಗ ಗಂಟೆ ಹನ್ನೊಂದೂ ಹತ್ತು. ವನಜಾಕ್ಷಿ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಬಿಳಿಚೋಡು ಸೇರಿದಾಗ ಹನ್ನೊಂದೂ ಇಪ್ಪತ್ತೇಳು! ಬೀದಿಯ ಬಾಯಲ್ಲೇ ಕೀ ಆಫ್ ಮಾಡಿ ಸದ್ದಿಲ್ಲದೆ ಒಳಗೆ ಹೋಗೋಣವೆಂದು ನನ್ನ ಯೋಜನೆ. ಆದರೆ ಅತ್ತೆಯ ಮನೆಯ ಬೀದಿ ಏರು. ಎಂಜಿನ್ ಇಲ್ಲದೆ ಏರುವುದಿಲ್ಲ. "ಪೇಂಂಂಂಂಂ!"

ಆ ಹೊತ್ತಿನಲ್ಲಿ ಮನೆಯೊಳಗೆ ಏನು ನಡೆದಿತ್ತೆಂದು ಆಮೇಲೆ ಮುತ್ತುರಾಜ ಹೇಳಿದ. ಅಕ್ಕ ಇನ್ನು ಬರುವುದಿಲ್ಲವೆಂದು ಶೈಲಾ ತೊಟ್ಟಿಲ ಪಕ್ಕ ಕುಳಿತು, ಹೆಸರು ಮರೆಯಬಾರದೆಂದು ಮೊಬೈಲ್ ತೆರೆದಿಟ್ಟುಕೊಂಡು, ಮಗುವಿನ ಕಿವಿಗೆ ಬಗ್ಗಿದ್ದಳಂತೆ. ಅಡುಗೆಮನೆಯಲ್ಲಿ ನೂರು ಜನರ ಊಟಕ್ಕೆ ನೀರಿಲ್ಲ. ಒಂಬತ್ತಕ್ಕೆ ಬರುತ್ತೇನೆಂದ ಟ್ಯಾಂಕರ್ ಇನ್ನೂ ನಾಪತ್ತೆ. ಅಷ್ಟರಲ್ಲಿ ನನ್ನ ಹಾರ್ನು ಮೊಳಗಿದೆ. ನಮ್ಮತ್ತೆ ಎದ್ದು ನಿಂತು ಕೂಗಿದ್ದಾರೆ:

"ಟ್ಯಾಂಕರ್ ಬಂತು! ಶೈಲಾ, ಏಳೇ, ಕೊಡ ತಗಳೇ! ಹೆಸರು ಎಲ್ಲೂ ಓಡಿಹೋಗಲ್ಲ, ಟ್ಯಾಂಕರ್ ಹೋಗುತ್ತೆ!"

ನಾನು ಕಂಡದ್ದು ಇಷ್ಟು: ರೇಷ್ಮೆ ಸೀರೆಗಳ ಒಂದು ಪ್ರವಾಹ ಕೊಡ, ಬಕೆಟ್ಟು, ಕೊಳಗ ಹಿಡಿದು ಬಾಗಿಲಿನಿಂದ ಹೊರಗೆ ಧುಮುಕಿತು. ಅದಕ್ಕೆದುರಾಗಿ ಒಂದೇ ಒಂದು ರೇಷ್ಮೆ ಸೀರೆ ಒಳಗೆ ನುಗ್ಗಿತು. ಅದು ವನಜಾಕ್ಷಿಯದು! ತೊಟ್ಟಿಲ ಬಳಿ ಉಳಿದಿದ್ದವಳು ಬಾಣಂತಿ ಅನಿತಾ ಒಬ್ಬಳೇ. "ಬೇಗ ಹೇಳ್ರಿ ಅತ್ತಿಗೆ. ಆ ಇನ್ನೊಂದು ಹೆಸರು ಒಂಬತ್ತು ಸಲ ಹೇಳಿ ನೋಡಿದೆ, ನನಗೇ ಬರಲಿಲ್ಲ" ಎಂದು ತೊಟ್ಟಿಲನ್ನು ಇತ್ತ ಸರಿಸಿದಳಂತೆ.

ಹೊರಗೆ ನನ್ನ ಸುತ್ತ ಮೂವತ್ತು ಕೊಡ.

"ಭಾವಾ! ಟ್ಯಾಂಕರ್ ಎಲ್ಲಿ?" ಶೈಲಾಳ ಕೈಯಲ್ಲಿ ಎಲ್ಲಕ್ಕಿಂತ ದೊಡ್ಡ ಬಕೆಟ್ಟು.

"ಅದು... ಹಿಂದೆ ಬರ್ತಾ ಇರಬಹುದು."

ಒಳಗಿನಿಂದ ಅನಿತಾಳ ದನಿ ಬಂತು: "ಹೆಸರಾಯ್ತು! ಬೋರೇಶ!"

ಶೈಲಾಳ ಬಕೆಟ್ಟು ಕೆಳಗೆ ಬಿತ್ತು. ಎಲ್ಲರೂ ಒಳಗೆ ನುಗ್ಗಿದರು. ನಾನೂ ಹಿಂದೆ ಹೋದೆ. ವನಜಾಕ್ಷಿ ತೊಟ್ಟಿಲಿಗೆ ಒರಗಿ ನಗುತ್ತಾ ಅಳುತ್ತಿದ್ದಳು. ನಮ್ಮತ್ತೆ, "ಬೋರೇಶ... ನಿಮ್ಮಪ್ಪಂದೇನೇ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗು ಮಾತ್ರ ಇಷ್ಟು ಗಲಾಟೆಯಲ್ಲೂ ನಿದ್ದೆ ಬಿಟ್ಟಿರಲಿಲ್ಲ. ಮಾವನವರೂ ಹಾಗೇ ಇದ್ದರು.

"ಇದು ನಡೆಯಲ್ಲ!" ಎಂದಳು ಶೈಲಾ. "ಗುದ್ದು ಬಿದ್ದಿಲ್ಲ!"

ಮಾತು ನಿಜವೇ. ಸೋದರತ್ತೆ ಕಿವಿಯಲ್ಲಿ ಹೆಸರು ಹೇಳುವಾಗ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಅದು ಸಂಪ್ರದಾಯ. ಇವತ್ತು ಗುದ್ದಬೇಕಾದ ಕೈಗಳೆಲ್ಲ ಬೀದಿಯಲ್ಲಿ ಕೊಡ ಹಿಡಿದು ನಿಂತಿದ್ದವು!

ನಮ್ಮತ್ತೆ ಸ್ವಲ್ಪ ಯೋಚಿಸಿದರು. "ಹೆಸರು ಅದೇ ಇರಲಿ. ಆದ್ರೆ ಶಾಸ್ತ್ರ ಬಿಡಾಕಾಗಲ್ಲ. ವನಜಾ, ಬಗ್ಗು."

"ಅವ್ವಾ, ಆ ಸ್ಕೂಟರ್ ಮ್ಯಾಲೆ ಕುಂತು ನನ್ನ ಬೆನ್ನು ಆಗಲೇ ಪುಡಿಯಾಗೈತೆ" ಎಂದಳು ನನ್ನ ಧರ್ಮಪತ್ನಿ. ಆಮೇಲೆ ಅತ್ಯಂತ ಗೌರವದಿಂದ ನನ್ನ ಕಡೆ ಕೈ ತೋರಿಸಿದಳು. "ಇವತ್ತು ನಿಮ್ಮನ್ನೆಲ್ಲ ಹೊರಗೆ ಕಳಿಸಿ ಹೆಸರು ಹೇಳಿಸಿದೋರು ಇವರು. ಆ ಗುದ್ದಿನ ಮರ್ಯಾದೆ ಇವರಿಗೇ ಸಲ್ಲಬೇಕು."

ಮೂವತ್ತು ಮುಖಗಳು ನನ್ನ ಕಡೆ ತಿರುಗಿದವು. ಖಾಲಿ ಕೊಡಗಳು ಒಂದೊಂದಾಗಿ ನೆಲಕ್ಕಿಳಿದವು. ಬಳೆಗಳು ಮೇಲೇರಿದವು. ಮುತ್ತುರಾಜ ನನಗೆ ಒಂದು ಮಣೆ ತಂದುಕೊಟ್ಟು ಮೆಲ್ಲಗೆ ಜಾರಿಕೊಂಡ. ನಾನು ಬಗ್ಗಿದೆ. ಮೊದಲನೆಯದು ಶೈಲಾಳದು. ಝ್ರಿಯಾಂಶ್ ಎಂಬ ಹೆಸರನ್ನು ಉಚ್ಚರಿಸುವುದು ಹೇಗೆಂದು ನನಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿ ಗೊತ್ತಾಯಿತು. ಅದು ತಾನಾಗಿಯೇ ಬಾಯಿಂದ ಬಂತು!

ಸರದಿ ಮುಗಿದಾಗ ತಲೆಯೆತ್ತಿದೆ. ನಮ್ಮತ್ತೆ ಮಾತ್ರ ಸೆರಗು ಹೊದ್ದು ದೂರದಲ್ಲೇ ನಿಂತಿದ್ದರು. ಇಷ್ಟು ಜನರಲ್ಲಿ ನನ್ನ ಮೇಲೆ ಮರುಕವಿರುವ ಒಂದು ಜೀವ! ನನ್ನ ಕಣ್ಣು ತೇವವಾಯಿತು.

"ಅಳಿಯಂದ್ರ ಮೈಗೆ ನಾನು ಕೈ ಮಾಡಬಾರದು" ಎಂದರು ಅವರು, ಬಹಳ ವಿನಯದಿಂದ. "ಶೈಲಾ, ನಂದೂ ನೀನೇ ಹಾಕು."