ಗಿಬೊಂಗನ ಬೆಳಗಿನ ನಿದ್ದೆ

ದಾರಿ ತಪ್ಪಿದ ಪ್ರವಾಸಿಯೊಬ್ಬನಿಗೆ ದಾರಿ ತೋರಿಸಿದ್ದೇ ತಕ್ ಗಿಬೊಂಗ್ ಮಾಡಿದ ತಪ್ಪು. ಸುಮ್ಮನೆ ಕೈ ಚಾಚಿ ತೋರಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವನು ಬಾಯಿಬಿಟ್ಟು 'ಗೋ ಸ್ಟ್ರೈಟ್' ಎಂದ. ಆ ಬಿಳಿ ಮನುಷ್ಯ 'ಥ್ಯಾಂಕ್ ಯೂ' ಎಂದು ನೆಟ್ಟಗೆ ನಡೆದು ಹೋದ.

ಇದು ನಡೆದದ್ದು ಕೊರಿಯದ ಬುಸಾನಿನಲ್ಲಿ, ಗಿಬೊಂಗನ ಅಪಾರ್ಟ್‌ಮೆಂಟಿನ ಹಿಂದಿನ ಗುಡ್ಡದ ಮೇಲೆ, ಬುಗ್ಗೆಯ ಪಕ್ಕದ ಬ್ಯಾಡ್ಮಿಂಟನ್ ಅಂಗಳದಲ್ಲಿ. ಸೂರ್ಯ ಇನ್ನೂ ಎದ್ದಿರಲಿಲ್ಲ. ಸೂರ್ಯನಿಗಿಂತ ಮೊದಲು ಏಳುವುದು ಗಿಬೊಂಗನ ಸ್ವಭಾವವಲ್ಲ. ಬೆಳಗಿನ ಜಾವ ಇರುವುದೇ ಮುಸುಕೆಳೆದು ಮಲಗುವುದಕ್ಕೆ ಎಂದು ನಂಬಿದವನು ಅವನು. ಆದರೆ ಹೆಂಡತಿ ಮಿರಾನ್ ಗುಡ್ಡದ ಬ್ಯಾಡ್ಮಿಂಟನ್ ಕೂಟದ ಕಾರ್ಯದರ್ಶಿ. ದಿನಾ ನಸುಕಿಗೆ ಅವನ ಹೊದಿಕೆ ಎಳೆದು, ಕೈಗೆ ರ‍್ಯಾಕೆಟ್ ತುರುಕಿ, ಗುಡ್ಡ ಹತ್ತಿಸುತ್ತಿದ್ದಳು. ಗೋಗರೆದು ಗೋಗರೆದು ಅವನು ಅವಳಿಂದ ಒಂದೇ ಒಂದು ಮಾತು ಪಡೆದಿದ್ದ.

"ನೀವು ಉಪಮುಖ್ಯಸ್ಥರಾಗಿ ನೋಡೋಣ. ಅವತ್ತಿಂದ ಬ್ಯಾಡ್ಮಿಂಟನ್‌ಗೆ ನಿಮ್ಮನ್ನ ಎಬ್ಬಿಸಿದ್ರೆ ಕೇಳಿ."

ಅವನು ಕೆಲಸ ಮಾಡುತ್ತಿದ್ದುದು ಆಟದ ಬೂಟುಗಳಿಗೆ ಅಟ್ಟೆ ಮಾಡುವ ಕಂಪನಿಯಲ್ಲಿ. ಕಿರಿಯರೆಲ್ಲ ಅವನನ್ನು ದಾಟಿ ಉಪಮುಖ್ಯಸ್ಥರಾಗಿದ್ದರು. ಬೇರೆಯವರಿಗೆ ಬಡ್ತಿ ಬೇಕಾಗುವುದು ಸಂಬಳಕ್ಕೆ, ಮರ್ಯಾದೆಗೆ. ಗಿಬೊಂಗನಿಗೆ ಅದು ಬೇಕಾಗಿದ್ದುದು ಬರೀ ನಿದ್ದೆಗೆ. ಇನ್ನೊಂದು ಭಯವೂ ಇತ್ತು. ತೆಬೆಕ್ ಬೆಟ್ಟದ ಗೋದಾಮಿಗೆ ಯಾರನ್ನಾದರೂ ಅಟ್ಟಬೇಕೆಂದು ಡೈರೆಕ್ಟರ್ ನಾಮ್‌ಗುಂಗ್ ಹುಡುಕುತ್ತಿದ್ದರು. ಅಲ್ಲಿನ ಮ್ಯಾನೇಜರು ನಿವೃತ್ತ ಸೈನಿಕ. ನಸುಕಿನ ಹಿಮದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕಸರತ್ತು ಮಾಡಿಸುತ್ತಾನಂತೆ.

'ಗೋ ಸ್ಟ್ರೈಟ್' ಎಂದ ಹೊತ್ತಿಗೆ ಅದೇ ಅಪಾರ್ಟ್‌ಮೆಂಟಿನಲ್ಲಿದ್ದ ಡೈರೆಕ್ಟರರ ಹೆಂಡತಿ ಅಲ್ಲೇ ಬುಗ್ಗೆಯ ನೀರು ಹಿಡಿಯುತ್ತಿದ್ದರು. ಅವರ ಕಿವಿಗೆ ಬಿದ್ದ ಮಾತು ಅವರ ಹೊಟ್ಟೆಯಲ್ಲಿ ಉಳಿದದ್ದು ಆ ಊರಿನಲ್ಲಿ ಯಾರಿಗೂ ನೆನಪಿಲ್ಲ. ಗಿಬೊಂಗ್ ಮನೆಗೆ ಬಂದು ಸೋಯಾ ಮೊಳಕೆಯ ಸಾರಿಗೆ ಅನ್ನ ಕಲಸುವಷ್ಟರಲ್ಲಿ ಅವನ ಎರಡು ಪದ ಡೈರೆಕ್ಟರರ ಊಟದ ಮೇಜಿಗೆ ಭಾಷಣವಾಗಿ ಮುಟ್ಟಿತ್ತು.

ಆಫೀಸಿಗೆ ಕಾಲಿಟ್ಟೊಡನೆ ಕರೆ ಬಂತು. ನಾಮ್‌ಗುಂಗ್ ಸಾಹೇಬರು ಅಮೆರಿಕದಲ್ಲಿದ್ದು ಬಂದವರು. ಅಲ್ಲಿನ ಸೇತುವೆಯೊಂದರ ಮುಂದೆ ತೆಗೆಸಿಕೊಂಡ ಫೋಟೊ ಅವರ ತಲೆಯ ಹಿಂದೆ ಗೋಡೆಗೆ ತೂಗುತ್ತಿತ್ತು.

"ಏನಪ್ಪಾ ತಕ್, ಇಂಗ್ಲಿಷು ನೀರು ಕುಡಿದ ಹಾಗೆ ಮಾತಾಡ್ತೀಯಂತೆ. ಇಷ್ಟು ವರ್ಷ ಯಾಕೆ ಮುಚ್ಚಿಟ್ಟಿದ್ದೆ?"

ಗಿಬೊಂಗ್ ತನಗೆ ಏನೂ ಬರುವುದಿಲ್ಲವೆಂದ. ಅದೇ ಅವನ ಎರಡನೆಯ ತಪ್ಪು. ಆ ದೇಶದಲ್ಲಿ ನಿಜವಾಗಿ ಬಲ್ಲವನು ತನಗೆ ಬರುತ್ತದೆ ಎಂದು ಎಂದೂ ಹೇಳುವುದಿಲ್ಲ. ಹಾಡುಗಾರ ತನ್ನ ಗಂಟಲು ಸರಿಯಿಲ್ಲ ಎನ್ನುತ್ತಾನೆ, ಹತ್ತು ಬಗೆ ಅಡುಗೆ ಬಡಿಸಿದವಳು ತಿನ್ನುವುದಕ್ಕೆ ಏನೂ ಇಲ್ಲ ಎನ್ನುತ್ತಾಳೆ. ಹೀಗಾಗಿ ಗಿಬೊಂಗ್ ಇಲ್ಲ ಇಲ್ಲ ಎಂದಷ್ಟೂ ಸಾಹೇಬರ ಕಣ್ಣಲ್ಲಿ ಅವನ ಇಂಗ್ಲಿಷು ಬೆಳೆಯುತ್ತ ಹೋಯಿತು. ಕೊನೆಗೆ ಅವನು ಹೆದರಿ ಬಾಯಿ ಮುಚ್ಚಿದ.

ಡೆನ್ಮಾರ್ಕಿನಿಂದ ಬಿರ್ಗಿಟ್ ಎಂಬ ಹೆಂಗಸು ಅವತ್ತು ಮಧ್ಯಾಹ್ನ ಬರುವವಳಿದ್ದಳು. ವರ್ಷದ ದೊಡ್ಡ ಆರ್ಡರು ಅವಳ ಕೈಯಲ್ಲಿ. ಕಾಗದ ಪತ್ರವೆಲ್ಲ ಮೊದಲೇ ಮುಗಿದಿತ್ತು; ಆದರೆ ಅವಳು ಬೂಟು ಹಾಕಿಕೊಂಡು ಬೆವರುವವರೆಗೂ ಆಡದೆ ಸಹಿ ಹಾಕುವವಳಲ್ಲ. ದಿನಾ ಅನುವಾದ ಮಾಡುತ್ತಿದ್ದ ರಫ್ತು ವಿಭಾಗದ ಹುಡುಗಿ ಅಪೆಂಡಿಕ್ಸ್ ಎಂದು ಆಸ್ಪತ್ರೆ ಸೇರಿದ್ದಳು. ಡೈರೆಕ್ಟರ್ ಆದವನು ತಾನೇ ಅನುವಾದ ಮಾಡುತ್ತ ನಿಂತರೆ ಕಂಪನಿಯ ಗೌರವ ಏನಾಗಬೇಕು ಎಂದು ಸಾಹೇಬರೇ ಕೇಳಿದರು.

"ಆಟ, ವ್ಯಾಯಾಮ, ಇಷ್ಟೇ ಮಾತು. ಉಳಿದದ್ದು ಊಟದಲ್ಲಿ ಮುಗಿಯುತ್ತೆ. ಚೆನ್ನಾಗಿ ಆದ್ರೆ ಉಪಮುಖ್ಯಸ್ಥನ ಕುರ್ಚಿ ಖಾಲಿ ಇದೆ. ಆಗ್ದಿದ್ರೆ ತೆಬೆಕ್ ಗೋದಾಮೂ ಖಾಲಿ ಇದೆ."

ಗಿಬೊಂಗ್ ತನ್ನ ಮೇಜಿಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತ. ಅವನನ್ನು ಆ ಸ್ಥಿತಿಯಲ್ಲಿ ನೋಡಿ ಮರುಗಿದವನು ಲೆಕ್ಕಪತ್ರದ ಪ್ಯೋ. ಪ್ಯೋ ಜಿಮ್ಮಿಗೆ ಹೋಗುವವನು, ಭುಜ ಬೆಳೆಸಿದವನು, ಯಾರೂ ಕೇಳದಿದ್ದರೂ ಸಲಹೆ ಕೊಡುವವನು. ಮಧ್ಯಾಹ್ನದೊಳಗೆ ಕಲಿಸಿಕೊಡುತ್ತೇನೆಂದು ಅವನನ್ನು ಅಟ್ಟೆಗಳ ಉಗ್ರಾಣಕ್ಕೆ ಎಳೆದುಕೊಂಡು ಹೋದ.

"ಅಣ್ಣ, ಬಾಯಿಪಾಠ ಮಾಡಿದ್ರೆ ಮರೆತು ಹೋಗುತ್ತೆ. ಒಂದೊಂದು ಪದ ಹೇಳ್ತಾ ಅದನ್ನ ಮಾಡಿಬಿಡಬೇಕು. ಪುಶ್ ಅಪ್ ಅನ್ನಿ, ಬಗ್ಗಿ."

ಗಿಬೊಂಗ್ ಬಗ್ಗಿದ. ಸಿಟ್ ಅಪ್ ಎಂದು ಎದ್ದ, ಸ್ಕ್ವಾಟ್ ಎಂದು ಕುಕ್ಕರಿಸಿದ, ಜಂಪ್ ಎಂದು ಕುಪ್ಪಳಿಸಿದ. ಸದ್ದಿಗೆ ಪ್ಯಾಕಿಂಗಿನವರು ಬಂದರು, ಅವರ ಹಿಂದೆ ಕ್ಯಾಂಟೀನಿನ ಹೆಂಗಸರು ಬಂದರು. ಆಮೇಲೆ ಅಲ್ಲಿ ಮೇಷ್ಟ್ರುಗಳಿಗೆ ಬರವಿರಲಿಲ್ಲ. ಜಿಮ್ಮಿಗೆ ಇಂಗ್ಲಿಷಿನಲ್ಲಿ 'ಹೆಲ್ತ್' ಎನ್ನುತ್ತಾರೆ ಎಂದು ಒಬ್ಬ ಹೇಳಿದ, ಏಕೆಂದರೆ ಊರಿನ ಜಿಮ್ಮುಗಳ ಬೋರ್ಡಿನ ಮೇಲೆಲ್ಲ ಹಾಗೇ ಇತ್ತು. ಓಡುವ ಯಂತ್ರ 'ರನ್ನಿಂಗ್ ಮಷೀನ್' ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಗೆಲ್ಲಲಿ ಎಂದು ಹುರಿದುಂಬಿಸಲು 'ಫೈಟಿಂಗ್' ಎಂದು ಮುಷ್ಟಿ ಎತ್ತಬೇಕೆಂದು ಕ್ಯಾಂಟೀನಿನ ದೊಡ್ಡಮ್ಮ ತೋರಿಸಿಕೊಟ್ಟಳು. ಊಟದ ಹೊತ್ತಿಗೆ ಗಿಬೊಂಗನ ತಲೆಯಲ್ಲಿ ಪದಗಳೂ ತೊಡೆಯಲ್ಲಿ ನೋವೂ ತುಂಬಿಕೊಂಡಿದ್ದವು. ವರ್ಷವಿಡೀ ಗುಡ್ಡದ ಮೇಲೆ ತಪ್ಪಿಸಿಕೊಂಡ ವ್ಯಾಯಾಮವನ್ನೆಲ್ಲ ಅವನು ಒಂದೇ ಬೆಳಿಗ್ಗೆ ಮಾಡಿ ಮುಗಿಸಿದ್ದ.

ಬಿರ್ಗಿಟ್ ಬಾಗಿಲಿನ ಎತ್ತರಕ್ಕಿದ್ದಳು. ವಯಸ್ಸು ಅರುವತ್ತು ದಾಟಿರಬೇಕು, ಕೈ ಕುಲುಕಿದರೆ ಬೆರಳು ಮರಗಟ್ಟುತ್ತಿತ್ತು. ಕಾರಿನಲ್ಲಿ ಅವಳು ಏನೋ ಹೇಳಿದಳು. ಏನಂತಾರೆ ಎಂದು ಸಾಹೇಬರು ಮುಂದಿನ ಸೀಟಿನಿಂದ ಕೇಳಿದರು.

"ಬುಸಾನು ಚೆನ್ನಾಗಿದೆ ಅಂತಾರೆ, ಸಾರ್."

ಸ್ವಲ್ಪ ಹೊತ್ತಿಗೆ ಅವಳು ಇನ್ನೂ ಉದ್ದವಾಗಿ ಏನೋ ಹೇಳಿದಳು.

"ಬುಸಾನು ತುಂಬಾ ಚೆನ್ನಾಗಿದೆ ಅಂತಾರೆ, ಸಾರ್."

ಸಾಹೇಬರು ಎಲ್ಲ ಅರ್ಥವಾದವರಂತೆ ತಲೆಯಾಡಿಸಿದರು. ತನ್ನ ಸುಳ್ಳು ಅಮೆರಿಕ ಕಂಡ ಮನುಷ್ಯನ ಮುಂದೆ ಎಷ್ಟು ಹೊತ್ತು ನಿಂತೀತು ಎಂದು ಗಿಬೊಂಗನ ಅಂಗಿ ಬೆನ್ನಿಗೆ ಅಂಟಿತು. ಮಾತು ತನ್ನ ಕಡೆ ತಿರುಗದಿರಲೆಂದು ಅವನು ಕಿಟಕಿಯಾಚೆ ಕಂಡದ್ದಕ್ಕೆಲ್ಲ ಕೈ ತೋರಿಸಿ ಹೆಸರು ಹೇಳತೊಡಗಿದ. 'ಹೆಲ್ತ್' ಎಂದ. 'ಸಾಕರ್' ಎಂದ. ನದಿಯ ದಂಡೆಯಲ್ಲಿ ಓಡುತ್ತಿದ್ದ ಮುದುಕನನ್ನು ತೋರಿಸಿ 'ಜಾಗಿಂಗ್, ಗುಡ್' ಎಂದ. ಬಿರ್ಗಿಟ್ ಸಂತೋಷದಿಂದ 'ಗುಡ್' ಎಂದಳು. ಪರವಾಗಿಲ್ಲವೇ ಎಂದು ಅವನಿಗೇ ಆಶ್ಚರ್ಯವಾಯಿತು.

ಬ್ಯಾಡ್ಮಿಂಟನ್ ಹಾಲಿನಲ್ಲಿ ಬಿರ್ಗಿಟ್ ಮತ್ತು ಪ್ಯೋ ಒಂದು ಕಡೆ, ಸಾಹೇಬರು ಮತ್ತು ಗಿಬೊಂಗ್ ಇನ್ನೊಂದು ಕಡೆ ನಿಂತರು. ಅತಿಥಿ ಗೆಲ್ಲಬೇಕು ಎಂದು ಸಾಹೇಬರು ಕಿವಿಯಲ್ಲಿ ಹೇಳಿದರು. ಅದು ಹೇಳಬೇಕಾದ ಮಾತೇ ಅಲ್ಲ. ಗಿಬೊಂಗನಿಗೆ ಸೋಲು ತಾನಾಗಿ ಬರುತ್ತಿತ್ತು. ಕಷ್ಟಪಟ್ಟವರು ಸಾಹೇಬರು. ಚೆನ್ನಾಗಿ ಆಡಬಲ್ಲ ಮನುಷ್ಯ, ಮೂಗಿನ ಮೇಲೆ ಬಂದ ಶಟಲ್ ಕಾಕನ್ನೂ ಬಿಟ್ಟು, ಅಯ್ಯೋ ಎಂದು ತೊಡೆ ತಟ್ಟಿಕೊಂಡು, ಬಿರ್ಗಿಟ್‌ಗೆ ಚಪ್ಪಾಳೆ ತಟ್ಟುತ್ತಿದ್ದರು. ಗೋಡೆಯ ಉದ್ದಕ್ಕೂ ನಿಂತ ಆಫೀಸಿನವರೆಲ್ಲ ಜೊತೆಗೂಡಿ ತಟ್ಟುತ್ತಿದ್ದರು.

ಇದ್ದಕ್ಕಿದ್ದಂತೆ ಬಿರ್ಗಿಟ್ ಆಟ ನಿಲ್ಲಿಸಿದಳು. ಬಲೆಯ ಹತ್ತಿರ ಬಂದು, ಹುಬ್ಬು ಗಂಟಿಕ್ಕಿ, ನೇರವಾಗಿ ಸಾಹೇಬರನ್ನೇ ಏನೋ ಕೇಳಿದಳು. ಎಲ್ಲರೂ ಅಮೆರಿಕ ಕಂಡವರ ಮುಖ ನೋಡಿದರು. ಸಾಹೇಬರು ಹಲ್ಲು ಕಿರಿದರು.

"ಯೆಸ್. ಥ್ಯಾಂಕ್ ಯೂ. ವೆರಿ ಗುಡ್."

ಬಿರ್ಗಿಟ್‌ಳ ಹುಬ್ಬು ಇನ್ನಷ್ಟು ಬಿಗಿಯಿತು. ಹಾಲಿನಲ್ಲಿ ಉಸಿರು ಬಿಡುವ ಸದ್ದೂ ಇಲ್ಲ. ಈ ಬಗೆಯ ಮೌನ ಗಿಬೊಂಗನಿಗೆ ಹೊಸದಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಮೇಲಿನವರ ಎದುರು ಮೌನ ಬಿದ್ದಾಗಲೆಲ್ಲ, ತಪ್ಪು ಯಾರದೇ ಇರಲಿ, ಅವನ ಸೊಂಟ ತಾನಾಗಿ ಬಾಗುತ್ತಿತ್ತು. ಈಗಲೂ ಬಾಗಿತು. ಸಾಹೇಬರ ಮುಂದೆ ಬಂದು ನಿಂತು, ತಲೆ ಮೊಣಕಾಲಿಗೆ ತಾಗುವಂತೆ ಬಗ್ಗಿದ.

"ಸಾರಿ. ಮೀ, ಮೀ. ಕಂಡಿಷನ್ ನೋ ಗುಡ್."

ಬಿರ್ಗಿಟ್ ಅವನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. ಆಮೇಲೆ ಸಾಹೇಬರ ರ‍್ಯಾಕೆಟ್ಟಿಗೆ ಬೆರಳು ತೋರಿಸಿ, ತನ್ನದನ್ನು ಗಾಳಿಯಲ್ಲಿ ಜೋರಾಗಿ ಬೀಸಿ, ಕಣ್ಣು ಅರಳಿಸಿ ಏನೋ ಗದರಿಸಿದಳು. ಆ ಮುಖ ಗಿಬೊಂಗನಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ನಸುಕಿನಲ್ಲಿ ಮಿರಾನ್ ಇದೇ ಮುಖ ಹೊತ್ತು ಹಾಸಿಗೆಯ ಪಕ್ಕ ನಿಲ್ಲುತ್ತಿದ್ದಳು.

"ಸಾರ್, ಬೇಕಂತ ಸೋಲ್ಬೇಡಿ, ಸರಿಯಾಗಿ ಆಡಿ ಅಂತಿದ್ದಾರೆ," ಎಂದ.

ಸಾಹೇಬರು ಸರಿಯಾಗಿ ಆಡಿದರು. ಪ್ಯೋ 'ಫೈಟಿಂಗ್' ಎಂದು ಕೂಗಿದ್ದಕ್ಕೆ ಬಿರ್ಗಿಟ್ ಒಮ್ಮೆ ಬೆಚ್ಚಿ ಹಿಂದೆ ನೋಡಿದಳೇ ಹೊರತು ಮತ್ತೇನೂ ಎಡವಟ್ಟಾಗಲಿಲ್ಲ. ಅವಳು ಇಬ್ಬರನ್ನೂ ಅಂಗಳದ ಮೂಲೆ ಮೂಲೆಗೆ ಓಡಿಸಿ, ನಿಜವಾಗಿ ಸೋಲಿಸಿ, ಕೆಂಪಗೆ ಬೆವರಿ ಕಳಕಳನೆ ನಕ್ಕಳು. ತಣ್ಣನೆಯ ಗೋಧಿ ನೂಡಲ್ಸ್ ಬಟ್ಟಲು ಮುಂದಿಟ್ಟುಕೊಂಡೇ ಸಹಿ ಹಾಕಿದಳು. ಹೊರಡುವಾಗ ಗಿಬೊಂಗನ ಕೈ ಹಿಡಿದು ಏನೋ ದೀರ್ಘವಾಗಿ ಹೇಳಿದಳು. ಬುಸಾನು ತುಂಬಾ ತುಂಬಾ ಚೆನ್ನಾಗಿದೆಯಂತೆ ಎಂದು ಅವನು ಅನುವಾದಿಸಿದ.

ಕಾರು ಮರೆಯಾದಾಗ ಬದುಕಿದೆಯಾ ಬಡಜೀವವೇ ಎಂದು ಗಿಬೊಂಗ್ ಉಸಿರು ಬಿಟ್ಟ. ಸಂಜೆ ಸಾಹೇಬರು ಅವನೊಬ್ಬನನ್ನೇ ಸ್ನಾನದ ಮನೆಗೆ ಕರೆದೊಯ್ದರು. ಊರ ಗಂಡಸರೆಲ್ಲ ಹೋಗುವ, ಬಿಸಿನೀರಿನ ತೊಟ್ಟಿಯಲ್ಲಿ ಬಟ್ಟೆಯಿಲ್ಲದೆ ಕೂರುವ ಸ್ನಾನದ ಮನೆ. ತೊಟ್ಟಿಯಿಂದ ಎದ್ದ ಸಾಹೇಬರು ಗಿಬೊಂಗನನ್ನು ಮಣೆಯ ಮೇಲೆ ಕೂರಿಸಿ, ತಾವೇ ಅವನ ಬೆನ್ನು ಉಜ್ಜಲು ನಿಂತರು. ಡೈರೆಕ್ಟರ್ ಬೆನ್ನು ಉಜ್ಜಿದರೆಂದರೆ ಬಡ್ತಿಯಾದರೂ ಇರಬೇಕು, ತೆಬೆಕ್ ಆದರೂ ಇರಬೇಕು.

"ಉಪಮುಖ್ಯಸ್ಥ ತಕ್," ಎಂದರು ಸಾಹೇಬರು ಹಿಂದಿನಿಂದ. ಗಿಬೊಂಗನಿಗೆ ಕಣ್ಣು ತುಂಬಿ ಬಂತು. ತನ್ನ ಹೊದಿಕೆ, ದಿಂಬು, ಕಿಟಕಿಗೆ ಬಿದ್ದ ಬಿಸಿಲು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಹಾದುಹೋದವು.

ಸಾಹೇಬರು ದನಿ ತಗ್ಗಿಸಿದರು. "ನಿನಗೆ ಗೊತ್ತಾಗಿಹೋಯ್ತು ಅಂತ ನನಗೆ ಗೊತ್ತು. ನನಗೆ ಇಂಗ್ಲಿಷ್ ಬರಲ್ಲ. ಅಮೆರಿಕದಲ್ಲಿ ಇದ್ದಷ್ಟು ದಿನವೂ ಸೋದರಮಾವನ ಲಾಂಡ್ರಿಯಲ್ಲಿದ್ದೆ. ಕೆಲಸದೋರು, ಗಿರಾಕಿಗಳು, ಎಲ್ಲ ನಮ್ಮವರೇ. ಇವತ್ತು ಅವಳೇನು ಕೇಳಿದ್ಲೋ, ನಾನೇನು ಯೆಸ್ ಅಂದೆನೋ. ನೀನು ಮುಂದೆ ಬಂದು ತಪ್ಪು ನಿನ್ನ ತಲೆ ಮೇಲೆ ಹಾಕ್ಕೊಂಡು ನನ್ನ ಮಾನ ಉಳಿಸಿದೆ."

ಗಿಬೊಂಗನ ಎದೆಯ ಮೇಲಿನ ಬಂಡೆ ಉರುಳಿಬಿತ್ತು. ಇಡೀ ದಿನ ತಾನು ಹೆದರಿದ್ದು ತನ್ನಂಥವನಿಗೇ ಎಂದು ತಿಳಿದು ಹಗುರಾಗಿ, ಸತ್ಯ ಹೇಳಿಯೇಬಿಟ್ಟ.

"ಸಾರ್, ನನಗೂ ಬರಲ್ಲ. ಅವರೇನು ಕೇಳಿದ್ರೋ ದೇವರಾಣೆಗೂ ಗೊತ್ತಿಲ್ಲ. ಆ ಮುಖ ನನ್ನ ಹೆಂಡ್ತಿ ಮುಖದ ಹಾಗಿತ್ತು, ಅದನ್ನ ನೋಡಿ ಹೇಳ್ದೆ."

ಉಜ್ಜುತ್ತಿದ್ದ ಕೈ ನಿಂತಿತು. ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು.

"ಇಷ್ಟಾದ್ಮೇಲೂ ನನ್ನ ಮನಸ್ಸು ನೋಯ್ಬಾರ್ದು ಅಂತ ಹಾಗಂತೀಯಲ್ಲಪ್ಪಾ. ಎಂಥ ವಿನಯ. ನನಗೆ ಕಲಿಸೋಕೆ ನೀನೇ ಸರಿ. ನಮ್ಮ ಅಪಾರ್ಟ್‌ಮೆಂಟಿನ ಜಿಮ್ಮಲ್ಲಿ, ದಿನಾ, ಬ್ಯಾಡ್ಮಿಂಟನ್‌ನೋರು ಏಳೋಕೆ ಮೊದಲೇ. ಯಾರೂ ನೋಡ್ಬಾರ್ದು. ಒಂದೊಂದು ಪದಕ್ಕೂ ಒಂದೊಂದು ಕಸರತ್ತು ಮಾಡೋದಂತೆ ನಿನ್ನ ಪದ್ಧತಿ, ಪ್ಯೋ ಹೇಳ್ದ. ಇಬ್ಬರೂ ಒಟ್ಟಿಗೇ ಮಾಡೋಣ."

ಗಿಬೊಂಗ್ ಕೊನೆಯ ಆಸರೆಯಾಗಿ ಹೆಂಡತಿಯ ಮಾತನ್ನು ಹಿಡಿದುಕೊಂಡ. ಉಪಮುಖ್ಯಸ್ಥನಾದ ಮೇಲೆ ಅವಳು ತನ್ನನ್ನು ಎಬ್ಬಿಸುವುದಿಲ್ಲ, ತನಗೆ ತಾನಾಗಿ ಎಚ್ಚರವಾಗುವುದಿಲ್ಲ ಎಂದ.

"ನನ್ನವಳು ಆಗಲೇ ನಿನ್ನ ಹೆಂಡ್ತಿಗೆ ಫೋನ್ ಮಾಡಿ ಕೇಳಿದ್ಲು. ಎಬ್ಬಿಸಲ್ಲ ಅಂತ ಮಾತು ಕೊಟ್ಟಿದ್ದು ಬ್ಯಾಡ್ಮಿಂಟನ್‌ಗಂತೆ, ಪಾಠಕ್ಕಲ್ವಂತೆ. ಅವರೇ ಎಬ್ಬಿಸಿ ಕಳಿಸ್ತಾರೆ."

ಆಮೇಲೆ ಸಾಹೇಬರು ಕೈಯಲ್ಲಿದ್ದ ಹಸಿರು ಒರಟು ಬಟ್ಟೆಯನ್ನು ಅವನ ಮೂಗಿನ ಮುಂದೆ ಹಿಡಿದರು. ಮೈಯ ಕೊಳೆ ಉಜ್ಜುವ ಆ ಬಟ್ಟೆಗೆ ಇಡೀ ಕೊರಿಯದಲ್ಲಿ, ಅಜ್ಜಿಯಿಂದ ಹಿಡಿದು ಮೊಮ್ಮಗುವಿನವರೆಗೆ, ಇರುವುದು ಒಂದೇ ಹೆಸರು.

"ಈಗಲೇ ಶುರು ಮಾಡೋಣ. ಇದಕ್ಕೆ ಇಂಗ್ಲಿಷಲ್ಲಿ ಏನಂತಾರೆ?"

ಗಿಬೊಂಗ್ ಅದೇ ಹೆಸರನ್ನು ಹೇಳಿದ.

"ಇಟಲಿ ಟವೆಲ್, ಸಾರ್."

ಸಾಹೇಬರ ಮುಖ ಅರಳಿತು. "ಇದು ನನಗೆ ಮೊದಲೇ ಬರ್ತಿತ್ತಲ್ಲೋ. ನೀನು ಹೇಳಿಕೊಟ್ರೆ ಎಷ್ಟು ಸುಲಭ."

ಮೇಷ್ಟ್ರ ಬೆನ್ನನ್ನು ಅವರು ಮತ್ತೆ ಹುರುಪಿನಿಂದ ಉಜ್ಜತೊಡಗಿದರು. ಬೆಚ್ಚಗಿನ ಹಬೆಗೆ ಗಿಬೊಂಗನ ಕಣ್ಣು ಎಳೆಯಿತು. ತೆಬೆಕ್ ಅಂತೂ ತಪ್ಪಿತು ಎಂದುಕೊಂಡ. ಇನ್ನು ಮುಂದೆ ನಿದ್ದೆ ಎಂಬುದು ಸಿಕ್ಕಲ್ಲೇ ಮಾಡಬೇಕಾದ್ದು ಎಂದೂ ಹೊಳೆದು, ಮಣೆಯ ಮೇಲೆ ಕೂತಲ್ಲೇ ತೂಕಡಿಸತೊಡಗಿದ.